ನಲ್ವತ್ತೊಂದರಲ್ಲಿ ಹಾಯಿ ಹಿಡಿದೆ

“ನಿನಗೆ ಎಂತ ಮರ್ಲಾ? ನೀನು ದುಬೈಗೆ ಹೋದದ್ದು ಲೆಕ್ಕ ಬರೆಯಲಿಕ್ಕೆ, ದೋಣಿ ಬಿಡಲಿಕ್ಕಲ್ಲ.”

ಹಾಯಿದೋಣಿ ಕಲಿಯಲು ಹೆಸರು ಕೊಟ್ಟಿದ್ದೇನೆ ಎಂದು ಊರಿಗೆ ಫೋನ್ ಮಾಡಿದಾಗ ಉಪ್ಪ ಹೇಳಿದ್ದು ಇಷ್ಟೇ. ಮತ್ತೆ ಫೋನನ್ನು ಉಮ್ಮನ ಕೈಗೆ ಕೊಟ್ಟು ಎದ್ದು ಹೋದರಂತೆ.

ಅವರ ಸಿಟ್ಟಿಗೆ ಕಾರಣ ಇತ್ತು. ನಮ್ಮದು ಬೆಂಗರೆ. ಒಂದು ಬದಿ ಫಲ್ಗುಣಿ ನದಿ, ಇನ್ನೊಂದು ಬದಿ ಅರಬ್ಬಿ ಸಮುದ್ರ, ನಡುವೆ ಮರಳಿನ ಉದ್ದ ಪಟ್ಟಿ. ಉಪ್ಪ ಹದಿನಾಲ್ಕನೇ ವಯಸ್ಸಿನಲ್ಲಿ ಮಂಜಿ ಹತ್ತಿದವರು. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಹಂಚು ತೆಗೆದುಕೊಂಡು ಹೋಗುವುದು, ಬರುವಾಗ ಕೊಬ್ಬರಿ, ತೆಂಗಿನ ನಾರಿನ ಹುರಿ, ಒಣಗಿಸಿದ ಮಾಸ್ ಮೀನು ತರುವುದು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಹಾಗಾಗಿ ಆ ದಾರಿ ನಮ್ಮ ಹಿರಿಯರಿಗೆ ಪರದೇಶದ ದಾರಿ ಆಗಿರಲಿಲ್ಲ. ಉಪ್ಪ ಹೋಗಲು ಶುರು ಮಾಡಿದಾಗ ಅವರ ಮಂಜಿಗೆ ಎಂಜಿನ್ ಇರಲಿಲ್ಲ. ಹಾಯಿಯೇ ಎಲ್ಲ.

ಒಂದು ರಾತ್ರಿ ಅವರ ತಮ್ಮ, ಅಂದರೆ ನನ್ನ ಚಿಕ್ಕಪ್ಪ, ಅದೇ ಮಂಜಿಯಿಂದ ನೀರಿಗೆ ಬಿದ್ದರು. ಮಯ್ಯತ್ ಕೂಡಾ ಸಿಗಲಿಲ್ಲ. ಆ ಸಲ ದಡಕ್ಕೆ ಬಂದ ಉಪ್ಪ ಮತ್ತೆ ಮಂಜಿ ಹತ್ತಲಿಲ್ಲ. ಬಂದರಿನ ಒಂದು ಅಕ್ಕಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತರು. ನಮ್ಮನ್ನು, ಮೂವರು ಗಂಡುಮಕ್ಕಳನ್ನು, ನೀರಿನ ಬದಿಗೆ ಬಿಡಲಿಲ್ಲ. ಸಮುದ್ರದ ಶಬ್ದ ಕೇಳುತ್ತಾ ಬೆಳೆದ ನನಗೆ ನಲ್ವತ್ತು ವರ್ಷ ಆಗುವವರೆಗೂ ಈಜು ಬರುತ್ತಿರಲಿಲ್ಲ.

ಮಗಳ ಒಂದು ಪ್ರಶ್ನೆ

ದುಬೈಯಲ್ಲಿ ವರ್ಷಕ್ಕೊಮ್ಮೆ ‘ಅಲ್ ಗಫಾಲ್’ ಎಂಬ ಹಾಯಿದೋಣಿ ಸ್ಪರ್ಧೆ ನಡೆಯುತ್ತದೆ. 1991ರಲ್ಲಿ ಶುರುವಾದದ್ದು. ಸರ್ ಬು ನಾಯಿರ್ ಎಂಬ ದ್ವೀಪದಿಂದ 60 ಅಡಿಯ ಸಾಂಪ್ರದಾಯಿಕ ದೋಣಿಗಳು ಹಾಯಿ ಬಿಚ್ಚಿ ದುಬೈ ದಡಕ್ಕೆ ಬರುತ್ತವೆ. ಗಫಾಲ್ ಎಂದರೆ ಮನೆಗೆ ಮರಳುವುದು. ಮುತ್ತು ತೆಗೆಯಲು ತಿಂಗಳುಗಟ್ಟಲೆ ಸಮುದ್ರದಲ್ಲಿದ್ದವರು ಋತು ಮುಗಿಸಿ ಊರಿಗೆ ಬರುತ್ತಿದ್ದ ನೆನಪಿಗೆ ಈ ಸ್ಪರ್ಧೆ. ಅರಬರು ತಮ್ಮ ಅಜ್ಜಂದಿರ ಕಸುಬನ್ನು ಹೀಗೆ ಮಕ್ಕಳಿಗೆ ತೋರಿಸುತ್ತಾರೆ.

ಟಿವಿಯಲ್ಲಿ ಅದನ್ನು ನೋಡುತ್ತಾ ಮಗಳು ಕೇಳಿದಳು: “ನಮ್ಮ ಅಜ್ಜನೂ ಹೀಗೇ ಹೋಗ್ತಿದ್ದದ್ದಾ?” ಹೌದು ಎಂದೆ. “ಗಾಳಿ ಎದುರಿನಿಂದ ಬಂದರೆ ಎಂತ ಮಾಡ್ತಿದ್ದರು?” ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಉಪ್ಪನಿಗೆ ಈಗ ಎಪ್ಪತ್ತಾರು. ಅವರು ಹೇಳುವುದಿಲ್ಲ, ನಾವು ಕೇಳುವುದಿಲ್ಲ. ಇನ್ನು ಹತ್ತು ವರ್ಷ ಹೋದರೆ ಕೇಳಲಿಕ್ಕೆ ಯಾರಿರುತ್ತಾರೆ ಎಂದು ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ನಮ್ಮ ಆಫೀಸಿನ ಒಬ್ಬರು ಒಂದು ಸೈಲಿಂಗ್ ಕ್ಲಬ್ಬಿಗೆ ಹೋಗುತ್ತಿದ್ದರು. ಅವರ ಹಿಂದೆ ಬಿದ್ದೆ. ಕ್ಲಬ್ಬಿನವರು ಮೊದಲು ಕೇಳಿದ ಪ್ರಶ್ನೆಯೇ, “ಈಜು ಬರ್ತದಾ?” ಅದಕ್ಕಾಗಿ ಮೂರು ತಿಂಗಳು ಈಜು ಕಲಿತೆ, ಏಳೆಂಟು ವರ್ಷದ ಮಕ್ಕಳ ಪಕ್ಕದಲ್ಲಿ. ನಾಚಿಕೆ ಮೊದಲ ವಾರ ಮಾತ್ರ. ಆಮೇಲೆ ಶನಿವಾರ, ಭಾನುವಾರ ಬೋಟಿನ ಕ್ಲಾಸು.

ಮಗುಚದ ದೋಣಿ

ನಾನು ಕಲಿತದ್ದು ಕೀಲ್‌ಬೋಟ್ ಎಂಬ ಸಣ್ಣ ಹಾಯಿದೋಣಿಯಲ್ಲಿ. ‘ಜೆ 24’ ಎಂದು ಅದರ ಹೆಸರು. ಉದ್ದ 24 ಅಡಿ. 1977ರ ವಿನ್ಯಾಸ, ಲೋಕದಲ್ಲಿ ಐದು ಸಾವಿರಕ್ಕೂ ಹೆಚ್ಚು ಇವೆ. ದೋಣಿಯ ಹೊಟ್ಟೆಯಡಿ ಮೀನಿನ ರೆಕ್ಕೆಯ ಹಾಗೆ ಒಂದು ಭಾರದ ಹಲಗೆ ನೀರಿನೊಳಗೆ ಇಳಿದಿರುತ್ತದೆ. ಅದೇ ಕೀಲ್. ಇಡೀ ದೋಣಿ 1,400 ಕಿಲೋದಷ್ಟಿದ್ದರೆ ಅದರಲ್ಲಿ 430 ಕಿಲೋದಷ್ಟು ಈ ಕೀಲಿನದ್ದೇ. ಗಾಳಿ ಹಾಯಿಯನ್ನು ಒಂದು ಬದಿಗೆ ತಳ್ಳಿದಾಗ ಕೆಳಗಿನ ಭಾರ ದೋಣಿಯನ್ನು ನೆಟ್ಟಗೆ ಎಳೆಯುತ್ತದೆ. ಜತೆಗೆ ದೋಣಿ ಅಡ್ಡಕ್ಕೆ ಜಾರದಂತೆ ಹಿಡಿಯುತ್ತದೆ. ಕೀಲ್ ಇಲ್ಲದ ಚಿಕ್ಕ ದೋಣಿಗಳು ಸುಲಭವಾಗಿ ಮಗುಚುತ್ತವೆ. ಇದು ವಾಲುತ್ತದೆ, ಹೆದರಿಸುತ್ತದೆ, ಆದರೆ ಎದ್ದು ನಿಲ್ಲುತ್ತದೆ. ನನ್ನಂಥ ಹೆದರುವವರಿಗೆ ಇದೇ ಒಳ್ಳೆಯದು.

ಚುಕ್ಕಾಣಿಗೆ ಒಂದು ಉದ್ದ ಹಿಡಿ. ಅದನ್ನು ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ತಿರುಗುತ್ತದೆ. ಇಪ್ಪತ್ತು ವರ್ಷ ಸ್ಕೂಟರ್, ಕಾರು ಓಡಿಸಿದ ಕೈಗೆ ಇದು ಉಲ್ಟಾ. ಮೊದಲ ದಿನ ಪೂರ್ತಿ ಹಾವಿನ ಹಾಗೆ ಓಡಿಸಿದೆ.

ಎರಡನೇ ಪಾಠ ಗಾಳಿಯದ್ದು. ಯಾವ ಹಾಯಿದೋಣಿಯೂ ಗಾಳಿಗೆ ಮೂಗು ಕೊಟ್ಟು ನೇರ ಹೋಗಲಾರದು. ಗಾಳಿ ಬರುವ ದಿಕ್ಕಿನ ಎಡಕ್ಕೂ ಬಲಕ್ಕೂ ಸುಮಾರು 45 ಡಿಗ್ರಿ ಅದಕ್ಕೆ ಮುಚ್ಚಿದ ದಾರಿ. ಅಲ್ಲಿ ಹಾಯಿ ಬಟ್ಟೆ ಒಣಹಾಕಿದ ಹಾಗೆ ಪಟಪಟ ಬಡಿಯುತ್ತದೆ, ದೋಣಿ ನಿಲ್ಲುತ್ತದೆ. ಹಾಗಾಗಿ ಎದುರಿನ ಜಾಗ ಮುಟ್ಟಬೇಕಾದರೆ ಓರೆಯಾಗಿ ಸ್ವಲ್ಪ ಹೋಗಿ, ಮೂಗನ್ನು ಗಾಳಿಯ ಮೂಲಕ ಇನ್ನೊಂದು ಬದಿಗೆ ತಿರುಗಿಸಿ, ಮತ್ತೆ ಓರೆಯಾಗಿ ಹೋಗಬೇಕು, ಘಾಟಿ ರಸ್ತೆಯ ತಿರುವುಗಳ ಹಾಗೆ. ಇದಕ್ಕೆ ಟ್ಯಾಕಿಂಗ್ ಎನ್ನುತ್ತಾರೆ. ಇದರಲ್ಲಿ ಅಪಾಯ ಕಡಿಮೆ.

ಗಾಳಿ ಬೆನ್ನಿಗಿದ್ದಾಗ ಬದಿ ಬದಲಿಸುವುದು ಜೈಬಿಂಗ್. ಇದರಲ್ಲಿ ಎಚ್ಚರ ಬೇಕು. ದೊಡ್ಡ ಹಾಯಿಯ ಕೆಳಗಿನ ಅಡ್ಡಕೋಲು, ಅಂದರೆ ಬೂಮ್, ಈ ಬದಿಯಿಂದ ಆ ಬದಿಗೆ ಒಮ್ಮೆಲೇ ಬೀಸಿ ಬರುತ್ತದೆ. ಮೂರನೇ ದಿನ ಮಧ್ಯಾಹ್ನ ಗಾಳಿ ಜೋರಾಗಿತ್ತು. ನಾನು ದೂರದ ಬುರ್ಜ್ ಅಲ್ ಅರಬ್ ನೋಡುತ್ತಾ ಚುಕ್ಕಾಣಿ ಒಂದು ಗೇಣು ಹೆಚ್ಚು ಎಳೆದುಬಿಟ್ಟೆ. “ತಲೆ!” ಎಂದು ಕಲಿಸುವವರು ಕೂಗಿದರು. ಬಗ್ಗಿದೆ. ಬೂಮ್ ನನ್ನ ತಲೆಯ ಮೇಲಿಂದ ಗಾಳಿ ಸೀಳಿಕೊಂಡು ಹೋಗಿ ಆ ಬದಿಯಲ್ಲಿ ಡಬ್ ಎಂದು ನಿಂತಿತು. ಕೈ ನಡುಗುತ್ತಿತ್ತು.

ಉಪ್ಪ ಬಾಯಿ ಬಿಟ್ಟರು

ಆ ಸಂಜೆ ಉಮ್ಮನಿಗೆ ಇದನ್ನೆಲ್ಲ ಹೇಳುತ್ತಿದ್ದೆ. ಫೋನ್ ಸ್ಪೀಕರಿನಲ್ಲಿತ್ತೆಂದು ಕಾಣುತ್ತದೆ. ಹಿಂದಿನಿಂದ ಉಪ್ಪನ ಸ್ವರ: “ಮೋನೇ, ಅದು ನಿಮ್ಮ ದೋಣಿಯಲ್ಲಿ. ನಮ್ಮ ಮಂಜಿಯಲ್ಲಿ ಉಲ್ಟಾ.”

ಮೂರು ವಾರದಿಂದ ನನ್ನ ಹತ್ತಿರ ಮಾತಾಡದವರು ಅರ್ಧ ಗಂಟೆ ಮಾತಾಡಿದರು. ಮಂಜಿಯ ಹಾಯಿ ಉದ್ದದ ಒಂದು ಅಡ್ಡಮರಕ್ಕೆ ಓರೆಯಾಗಿ ಕಟ್ಟಿದ್ದು. ಗಾಳಿಗೆ ಮೂಗು ತಿರುಗಿಸಿದರೆ ಇಡೀ ಹಾಯಿ ಕಂಬಕ್ಕೆ ಅಂಟಿಕೊಂಡು ದೋಣಿ ಹಿಂದಕ್ಕೆ ಹೋಗಲು ಶುರುವಾಗುತ್ತದೆ. ಹಾಗಾಗಿ ಮಂಜಿಯವರು ಗಾಳಿಗೆ ಬೆನ್ನು ಕೊಟ್ಟು, ದೊಡ್ಡ ಸುತ್ತು ಹಾಕಿ, ಹಾಯಿಯನ್ನು ಸಡಿಲ ಬಿಟ್ಟು, ಅಡ್ಡಮರವನ್ನು ಕಂಬದ ಮುಂದಿನಿಂದ ಆ ಬದಿಗೆ ದಾಟಿಸುತ್ತಿದ್ದರು. ಅದಕ್ಕೆ ಎಲ್ಲ ಖಲಾಸಿಗಳ ಕೈ ಬೇಕು, ಜಾಗ ಬೇಕು, ಹೊತ್ತು ಬೇಕು. ಕೀಲಿನ ಭಾರದ ಬಗ್ಗೆ ಹೇಳಿದೆ. “ನಮಗೆ ಸಾಮಾನೇ ಭಾರ. ಸಾಮಾನು ಕಡಿಮೆ ಇದ್ದರೆ ಕಲ್ಲು ತುಂಬಿಸ್ತಿದ್ದೆವು. ಖಾಲಿ ಮಂಜಿಯನ್ನು ನಂಬಬಾರದು,” ಎಂದರು.

ಮಗಳ ಪ್ರಶ್ನೆಗೆ ಉತ್ತರ ಸಿಕ್ಕಿತು. ಅವಳನ್ನು ಕರೆದು ಫೋನ್ ಕೊಟ್ಟೆ.

ಬೆರಳು ತೋರಿಸುವವನು

ಕೊನೆಯ ವಾರದ ಪಾಠ, ಮನುಷ್ಯ ನೀರಿಗೆ ಬಿದ್ದರೆ ಏನು ಮಾಡಬೇಕು ಎಂಬುದು. ಒಂದು ತೇಲುವ ಬುರುಡೆಯನ್ನು ನೀರಿಗೆ ಎಸೆಯುತ್ತಾರೆ. ಅದೇ ಬಿದ್ದ ಮನುಷ್ಯ. ಮೊದಲು ಎಲ್ಲರಿಗೂ ಕೇಳುವ ಹಾಗೆ ಕೂಗಬೇಕು. ತೇಲುವ ವಸ್ತು ಎಸೆಯಬೇಕು. ಆಮೇಲೆ ಒಬ್ಬನಿಗೆ ಒಂದೇ ಕೆಲಸ: ಬಿದ್ದವನ ಕಡೆ ಬೆರಳು ತೋರಿಸುತ್ತಾ ನಿಲ್ಲುವುದು. ಹಗ್ಗ ಮುಟ್ಟಬಾರದು, ಹಿಂದೆ ತಿರುಗಬಾರದು, ಕಣ್ಣು ತೆಗೆಯಬಾರದು. ಸ್ವಲ್ಪ ಅಲೆ ಇದ್ದರೂ ಸಾಕು, ಐವತ್ತು ಮೀಟರ್ ದೂರದ ತಲೆ ಕಾಣೆಯಾಗುತ್ತದೆ. ದೋಣಿಯನ್ನು ಸ್ವಲ್ಪ ದೂರ ಒಯ್ದು, ತಿರುಗಿಸಿ, ಹಾಯಿ ಸಡಿಲ ಬಿಟ್ಟು ವೇಗ ಕಳೆದು, ಬಿದ್ದವನ ಪಕ್ಕಕ್ಕೆ ಬಂದು ನಿಲ್ಲಿಸಬೇಕು.

ನಾನು ಎರಡು ಸಲ ತಪ್ಪಿದೆ. ಒಮ್ಮೆ ವೇಗವಾಗಿ ಬಂದು ಬುರುಡೆಯನ್ನು ದಾಟಿ ಹೋದೆ. ಇನ್ನೊಮ್ಮೆ ದೋಣಿ ಮುಟ್ಟುವ ಮೊದಲೇ ನಿಂತಿತು. ಅದೂ ಹಗಲು ಹೊತ್ತಿನಲ್ಲಿ, ಪಕ್ಕದಲ್ಲಿ ಗುರು ಇದ್ದು, ಎಲ್ಲರ ಮೈಮೇಲೆ ಲೈಫ್ ಜಾಕೆಟ್ ಇದ್ದು. ಮೂರನೇ ಸಲ ಹಿಡಿದೆ.

ಆ ಸಂಜೆ ಉಪ್ಪನಿಗೆ ಹೇಳಬೇಕೋ ಬೇಡವೋ ಎಂದು ತುಂಬಾ ಯೋಚಿಸಿ ಹೇಳಿದೆ. ಅವರು ಎಲ್ಲ ಕೇಳಿದರು. “ಆ ಬೆರಳು ತೋರಿಸುವವ ಬೇರೆ ಎಂತದೂ ಮಾಡ್ಲಿಕ್ಕಿಲ್ಲವಾ?” ಎಂದರು. ಇಲ್ಲ ಎಂದೆ. ತುಂಬಾ ಹೊತ್ತು ಮಾತಿಲ್ಲ.

“ಅವತ್ತು ಚುಕ್ಕಾಣಿ ನನ್ನ ಕೈಯಲ್ಲಿತ್ತು. ಬೇಗ ತಿರುಗಿಸಿದ್ದರೆ ಸಿಗ್ತಿದ್ದ ಅಂತ ಇವತ್ತಿನವರೆಗೆ ಲೆಕ್ಕ ಹಾಕ್ತಾ ಇದ್ದೇನೆ,” ಎಂದರು.

ಈ ಮಾತು ಉಮ್ಮನಿಗೂ ಗೊತ್ತಿರಲಿಲ್ಲ. ನನಗೆ ತಿಳಿದಷ್ಟು ಹೇಳಿದೆ: ಕತ್ತಲೆ, ಲೈಫ್ ಜಾಕೆಟ್ ಇಲ್ಲ, ದೀಪ ಇಲ್ಲ, ತಿರುಗಲು ಎಲ್ಲರ ಕೈ ಬೇಕಾದ ಮಂಜಿ. ನಾನು ಹಗಲಲ್ಲೇ ಎರಡು ಸಲ ತಪ್ಪಿದ್ದೇನೆ ಉಪ್ಪ. ಅವರು “ಅಲ್ಲಾಹನ ವಿಧಿ” ಎಂದರು. ಮೊದಲೂ ಹೇಳುತ್ತಿದ್ದ ಮಾತೇ. ಆದರೆ ಆ ದಿನ ಅವರ ಸ್ವರ ಬೇರೆ ಇತ್ತು.

ನಮ್ಮ ಮಕ್ಕಳಿಗೆ ನೀರು

ಬ್ಯಾರಿ ಎಂಬ ಹೆಸರು ತುಳುವಿನ ‘ಬ್ಯಾರ’ದಿಂದ, ಅಂದರೆ ವ್ಯಾಪಾರದಿಂದ ಬಂತು ಎನ್ನುವವರಿದ್ದಾರೆ, ಅರಬಿಯ ‘ಬಹ್ರ್’, ಅಂದರೆ ಸಮುದ್ರದಿಂದ ಬಂತು ಎನ್ನುವವರೂ ಇದ್ದಾರೆ. ಯಾವುದೇ ಇರಲಿ, ನಮ್ಮ ವ್ಯಾಪಾರ ಬಂದದ್ದು ಸಮುದ್ರದ ದಾರಿಯಲ್ಲೇ. 14ನೇ ಶತಮಾನದಲ್ಲಿ ಮಂಗಳೂರಿಗೆ ಬಂದ ಇಬ್ನ್ ಬತೂತ ಇಲ್ಲಿ ನಾಲ್ಕು ಸಾವಿರದಷ್ಟು ಮುಸ್ಲಿಮರು ಇದ್ದರು ಎಂದು ಬರೆದಿದ್ದಾನೆ. ಅಂಥ ಊರಿನ ನಾವು ಈಗ ವಿಮಾನ ಹತ್ತಿ ಗಲ್ಫಿಗೆ ಹೋಗುತ್ತೇವೆ. ಸಮುದ್ರ ಕಿಟಕಿಯಿಂದ ನೋಡುವ ವಸ್ತು ಆಗಿದೆ.

ಎಲ್ಲರೂ ಹಾಯಿದೋಣಿ ಕಲಿಯಬೇಕು ಎಂದು ನಾನು ಹೇಳುವುದಿಲ್ಲ. ಆದರೆ ಈಜು ಕಲಿಸಿ. ರಜೆಯಲ್ಲಿ ಹೊಳೆಗೆ, ಬೀಚಿಗೆ ಹೋದ ಹುಡುಗರು ಮನೆಗೆ ಬರದ ಸುದ್ದಿಯನ್ನು ಈ ಪತ್ರಿಕೆಯಲ್ಲೇ ಎಷ್ಟು ಸಲ ಓದಿದ್ದೇವೆ? ಉಪ್ಪ ಪ್ರೀತಿಯಿಂದಲೇ ನಮ್ಮನ್ನು ನೀರಿನಿಂದ ದೂರ ಇಟ್ಟರು. ಅದರಿಂದ ನಮ್ಮ ಹೆದರಿಕೆ ಹೆಚ್ಚಾಯಿತು, ರಕ್ಷಣೆ ಹೆಚ್ಚಾಗಲಿಲ್ಲ.

ಹೆಣ್ಣುಮಕ್ಕಳಿಗೂ ಕಲಿಸಿ. ಮೈ ಮುಚ್ಚುವ ಈಜು ಉಡುಪು ಈಗ ಸಿಗುತ್ತದೆ, ದೋಣಿಯಲ್ಲಿ ಹೇಗೂ ಮೈತುಂಬ ಬಟ್ಟೆಯ ಮೇಲೆ ಜಾಕೆಟ್. ಹಾಯಿದೋಣಿ ಸ್ಪರ್ಧೆಯಲ್ಲಿ ಒಲಿಂಪಿಕ್ಸಿಗೆ ಅರ್ಹತೆ ಪಡೆದ ಭಾರತದ ಮೊದಲ ಮಹಿಳೆ ಚೆನ್ನೈಯ ನೇತ್ರಾ ಕುಮನನ್. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಬಡ ಮನೆಯ ಮಕ್ಕಳೂ ಹಾಯಿ ಹಿಡಿಯುತ್ತಾರೆ. ನದಿಯೂ ಸಮುದ್ರವೂ ಮನೆ ಬಾಗಿಲಲ್ಲೇ ಇರುವ ನಮಗೆ ಯಾಕೆ ಆಗಬಾರದು?

ಈಗ ಶನಿವಾರ ಬೆಳಿಗ್ಗೆ ನಾನು ಫೋನ್ ಮಾಡುವುದಿಲ್ಲ. ಉಪ್ಪನೇ ಮಾಡುತ್ತಾರೆ. ಸಲಾಂ ಆದ ಮೇಲೆ ಕೇಳುವುದು ಒಂದೇ:

“ಇವತ್ತು ಗಾಳಿ ಎಲ್ಲಿಂದ ಉಂಟು?”

ವಾಯವ್ಯದಿಂದ ಎನ್ನುತ್ತೇನೆ. ಇಲ್ಲಿಯವರು ಅದಕ್ಕೆ ಶಮಾಲ್ ಎನ್ನುತ್ತಾರೆ.

“ಹಾಗಾದರೆ ಜಾಕೆಟ್ ಸರಿ ಕಟ್ಟು,” ಎನ್ನುತ್ತಾರೆ. “ಮಗಳದ್ದೂ ನೋಡು.”