ಹೂಮಳೆಯ ವಾರ ಹೊರಡುವವರು

ಮಾರ್ಚ್ ತಿಂಗಳಲ್ಲಿ ಕೊಡಗಿಗೆ ಬಂದವರ ಕಣ್ಣೆಲ್ಲ ಸೊಂಟದೆತ್ತರದಲ್ಲೇ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಳ್ಳದೆ ಏನು ಮಾಡೀತು! ಹೂಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ಕಾಫಿ ಗಿಡದ ಗೆಣ್ಣು ಗೆಣ್ಣಿಗೂ ಬಿಳಿ ಹೂವು ಒತ್ತರಿಸಿಕೊಂಡು ಅರಳಿ, ಸಿದ್ದಾಪುರದಿಂದ ವಿರಾಜಪೇಟೆಯವರೆಗೆ ರಸ್ತೆಯುದ್ದಕ್ಕೂ ಆ ಸಿಹಿ ಘಮ ಅಡರಿಕೊಂಡಾಗ ತಲೆ ಎತ್ತುವ ವ್ಯವಧಾನ ಯಾರಿಗಿರುತ್ತದೆ? ಆದರೆ ಎತ್ತಬೇಕು. ಅದೇ ವಾರಗಳಲ್ಲಿ, ಅದೇ ತೋಟದ ನೆರಳು ಮರಗಳ ಮೇಲೆ ಹಿಮಾಲಯಕ್ಕೆ, ಸೈಬೀರಿಯಾಕ್ಕೆ, ಕೊರಿಯಾಕ್ಕೆ, ಫಿನ್ಲೆಂಡಿಗೆ ಹೊರಡುವವರ ಸಿದ್ಧತೆ ಭರದಿಂದ ನಡೆದಿರುತ್ತದೆ. ಟಿಕೆಟ್ಟಿಲ್ಲ, ಗಂಟುಮೂಟೆಯಿಲ್ಲ, ಬೀಳ್ಕೊಡುವವರೂ ಇಲ್ಲ!

ಉತ್ತರದ ದೇಶಗಳಲ್ಲಿ ವಸಂತವೆಂದರೆ ಹಕ್ಕಿಗಳು ಬರುವ ಕಾಲ. ಚಳಿ ಕಳೆಯಿತು, ಕವಲುತೋಕೆ ಬಂತು ಎಂದು ಅಲ್ಲಿನವರು ಸಂಭ್ರಮಿಸುತ್ತಾರೆ. ನಮ್ಮಲ್ಲಿ ಲೆಕ್ಕ ತಿರುಗುಮುರುಗು. ಇಲ್ಲಿನ ವಲಸೆ ಹಕ್ಕಿಗಳು ತಲಕಾವೇರಿಯಲ್ಲಿ ತುಲಾ ಸಂಕ್ರಮಣದ ಜನ ಸೇರುವ ಅಕ್ಟೋಬರಿನ ಹೊತ್ತಿಗೆ ಬಂದಿಳಿದು, ಕೊಡವರ ಹೊಸ ವರ್ಷ ಎಡಮ್ಯಾರ್ ಒಂದರ ಆಸುಪಾಸಿನಲ್ಲಿ, ಅಂದರೆ ಏಪ್ರಿಲ್ ನಡುವಿಗೆ, ಒಂದೊಂದಾಗಿ ಕಾಣೆಯಾಗುತ್ತವೆ. ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ನಮ್ಮ ಹುಳ ತಿಂದು, ನಮ್ಮ ಮರದಲ್ಲಿ ಮಲಗಿದವನ್ನು ಅತಿಥಿಗಳೆನ್ನಲು ನನಗಂತೂ ಮನಸ್ಸು ಒಪ್ಪುವುದಿಲ್ಲ. ಮರಿ ಮಾಡಲಷ್ಟೇ ದೂರ ಹೋಗಿಬರುವ ಕೊಡಗಿನ ಹಕ್ಕಿಗಳು ಇವು.

ಮೊದಲು ಒಂದು ಹಾಲುವಾಣದ ಕೆಳಗೆ ನಿಲ್ಲಿ. ಎಲೆಯೆಲ್ಲ ಉದುರಿಸಿಕೊಂಡು, ಮೈಮೇಲೆ ಮೆಣಸಿನ ಬಳ್ಳಿ ಹೊತ್ತು, ತುದಿಯಲ್ಲಿ ಕೆಂಪು ಹೂವಿನ ಗೊಂಚಲು ಹಿಡಿದು ನಿಂತಿರುತ್ತದೆ. ಆ ಗೊಂಚಲಿನಲ್ಲಿ ಬೂದು ಕಾಜಾಣ. ನಮ್ಮ ಗದ್ದೆಬಯಲಿನ ಕರಿ ಕಾಜಾಣವಲ್ಲ, ಮೈ ಬೂದಿ ಬಣ್ಣ, ಕಣ್ಣು ಕೆಂಡ. ಹೂವಿನ ಬುಡಕ್ಕೆ ಕೊಕ್ಕು ಇಳಿಸಿ ಮಕರಂದ ಹೀರುತ್ತದೆ, ತಲೆ ಎತ್ತಿದರೆ ಹಣೆಯ ಗರಿಗಳ ಮೇಲೆ ಪರಾಗದ ಪುಡಿ. ಅದೇ ಹೂವಿಗೆ ಬಂದ ನೊಣವೊಂದನ್ನು ಗಾಳಿಯಲ್ಲೇ ತಿರುಗಿ ಹಿಡಿದು, ಅದೇ ಗೊಂಚಲಿಗೆ ವಾಪಸು. ಹೀರುವುದು, ಹಾರುವುದು, ಹಿಡಿಯುವುದು, ಮತ್ತೆ ಹೀರುವುದು! ಹಿಮಾಲಯದ ಕಾಡುಗಳಲ್ಲಿ ಗೂಡು ಕಟ್ಟುವ ಹಕ್ಕಿಗೆ ದಾರಿಯ ಬುತ್ತಿ ಕಟ್ಟಿಕೊಡುತ್ತಿರುವುದು ಮೆಣಸಿನ ಬಳ್ಳಿಗೆ ಆಸರೆಯಾಗಲೆಂದು ಯಾರೋ ಗೂಟ ನೆಟ್ಟು ಬೆಳೆಸಿದ ಮರ.

ಕಾಜಾಣ ಕಣ್ಣಿಗೆ ಬೀಳುತ್ತದೆ. ನನ್ನ ಮನಸ್ಸನ್ನು ಪೂರ್ತಿ ಕದ್ದುಕೊಂಡದ್ದು ಮಾತ್ರ ಕಣ್ಣಿಗೆ ಬೀಳದ ಒಂದು ಉಲಿಯಕ್ಕಿ, ಹಕ್ಕಿ ನೋಡುವವರು ಗ್ರೀನಿಷ್ ವಾರ್ಬ್ಲರ್ ಎಂದು ಕರೆಯುವುದು. ಬೆನ್ನು ಮಾಸಲು ಹಸಿರು, ಹೊಟ್ಟೆ ಮಾಸಲು ಬಿಳಿ, ಹುಬ್ಬಿನ ಮೇಲೊಂದು ತೆಳು ಗೆರೆ, ರೆಕ್ಕೆಯ ಮೇಲೆ ಇನ್ನೂ ತೆಳುವಾದ ಒಂದು ಪಟ್ಟಿ. ವಸಂತ ಬರುವಷ್ಟರಲ್ಲಿ ಗರಿ ಸವೆದು ಆ ಪಟ್ಟಿಯೂ ಅಳಿಸಿಹೋಗಿರುವುದುಂಟು. ತೂಕ ಸುಮಾರು 8 ಗ್ರಾಂ, ಐದಾರು ಕಾಫಿ ಹಣ್ಣು ಅಂಗೈಯಲ್ಲಿಟ್ಟುಕೊಂಡಷ್ಟು. ಅತ್ತಿ, ಬಸರಿ, ನಂದಿ, ಹಲಸು, ಯಾವ ಮರದ ಕೆಳಗೆ ನಿಂತರೂ ಮೇಲಿನಿಂದ 'ಚಿಸ್‌ಲೀ, ಚಿಸ್‌ಲೀ' ಎಂಬ ಎರಡು ಪಲುಕಿನ ದನಿ ಬೆಳಗಿನಿಂದ ಸಂಜೆಯವರೆಗೆ ಉದುರುತ್ತಲೇ ಇರುತ್ತದೆ. ತೋಟದವರೆಲ್ಲ ಅದನ್ನು ದಿನವೂ ಕೇಳಿರುತ್ತಾರೆ. ಕೇಳಿದ್ದೇವೆಂಬುದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ, ಅಷ್ಟೆ.

ಆ ದನಿ ಸುಮ್ಮನೆ ಹೊರಟದ್ದಲ್ಲ. ನಮ್ಮ ಘಟ್ಟಸಾಲಿನ ದಕ್ಷಿಣ ತುದಿಯಲ್ಲಿ, ತಮಿಳುನಾಡಿನ ಕಳಕ್ಕಾಡು–ಮುಂಡಂತುರೈ ಕಾಡಿನಲ್ಲಿ, ಮಧುಸೂದನ ಕಟ್ಟಿ ಎಂಬ ವಿಜ್ಞಾನಿ ಈ ಹಕ್ಕಿಗಳ ಬೆನ್ನು ಹತ್ತಿದ್ದರು. ಚಳಿಗಾಲವಿಡೀ ಒಂದೊಂದು ಹಕ್ಕಿಯೂ ತನ್ನದೆಂದು ಒಂದಷ್ಟು ಮರಗಳ ಹದ್ದುಬಸ್ತು ಕಾಯುತ್ತದೆ, ದನಿಯೇ ಅದಕ್ಕೆ ಬೇಲಿ ಎಂಬುದನ್ನು ಅವರು 2001ರಲ್ಲಿ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಮರಿ ಮಾಡುವ ಊರು ಸಾವಿರಾರು ಮೈಲಿ ಆಚೆ ಇದ್ದರೂ, ಇಲ್ಲಿ ನಾಲ್ಕು ಮರಕ್ಕಾಗಿ ದಿನವಿಡೀ ವ್ಯಾಜ್ಯ ಹೂಡುವಷ್ಟು ಈ ನೆಲ ಅದರದು!

ಇನ್ನು ಅದರ ವಂಶದ ಕಥೆಯೋ, ಉಸಿರು ಬಿಗಿಹಿಡಿದು ಕೇಳಬೇಕಾದದ್ದು. ಈ ಹಕ್ಕಿಯ ಬಳಗ ಹಿಮಾಲಯದಿಂದ ಹೊರಟು ಟಿಬೆಟ್ ಪ್ರಸ್ಥಭೂಮಿಯನ್ನು ಎರಡೂ ಕಡೆಯಿಂದ ಬಳಸಿಕೊಂಡು ಉತ್ತರಕ್ಕೆ ಹಬ್ಬಿದೆ. ಪ್ರಸ್ಥಭೂಮಿಯ ನಡುವೆ ಕಾಡಿಲ್ಲ, ಹಾಗಾಗಿ ಸುತ್ತಲೇಬೇಕು. ಒಂದು ಸಾಲು ಪಶ್ಚಿಮದಿಂದ ಮಧ್ಯ ಏಷ್ಯಾ ಹಿಡಿದು ಹೋಯಿತು, ಇನ್ನೊಂದು ಪೂರ್ವದಿಂದ ಚೀನಾ ಹಿಡಿದು ಹೋಯಿತು. ದಾರಿಯುದ್ದಕ್ಕೂ ಅಕ್ಕಪಕ್ಕದ ಹಕ್ಕಿಗಳ ಹಾಡು ಸ್ವಲ್ಪ ಸ್ವಲ್ಪವೇ ಬದಲಾಗುತ್ತಾ, ಉದ್ದವಾಗುತ್ತಾ, ಜಟಿಲವಾಗುತ್ತಾ ಸಾಗುತ್ತದೆ. ಕೊನೆಗೆ ಸೈಬೀರಿಯಾದ ನಡುವೆ ಎರಡೂ ಸಾಲು ಮತ್ತೆ ಎದುರುಬದುರಾದಾಗ ಒಬ್ಬರ ಹಾಡು ಇನ್ನೊಬ್ಬರಿಗೆ ತಮ್ಮದೆನಿಸುವುದಿಲ್ಲ! ಹಾಡು ಒಪ್ಪದ ಮೇಲೆ ಸಂಬಂಧ ಬೆಳೆಯುವುದೂ ಇಲ್ಲ. ಡ್ಯಾರೆನ್ ಇರ್ವಿನ್ ಮತ್ತು ಸಂಗಡಿಗರು 2001ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದನ್ನು ಬರೆದಾಗ, ಒಂದು ಜಾತಿ ಎರಡಾಗುವ ಪರಿಯನ್ನು ಭೂಪಟದ ಮೇಲೆ ಬೆರಳಿಟ್ಟು ತೋರಿಸಿದಂತಾಯಿತು. 2014ರ ವಂಶವಾಹಿ ಅಧ್ಯಯನ ಈ ಸರಪಳಿಯಲ್ಲಿ ಹಿಂದೆ ಕಡಿತಗಳೂ ಆಗಿದ್ದವು, ಉತ್ತರದ ತುದಿಯಲ್ಲಿ ಅಲ್ಪಸ್ವಲ್ಪ ಬೆರಕೆಯೂ ನಡೆದಿದೆ ಎಂದು ತೋರಿಸಿ ಕಥೆಯನ್ನು ಇನ್ನಷ್ಟು ಕುತೂಹಲದ್ದು ಮಾಡಿತು. ಪೂರ್ವದ ಸಾಲಿನವು ಚಳಿಗಾಲಕ್ಕೆ ಆಗ್ನೇಯ ಏಷ್ಯಾಕ್ಕೆ ಹೋಗುತ್ತವೆ. ಪಶ್ಚಿಮದ ಸಾಲಿನವು ಭಾರತಕ್ಕೆ, ನಮ್ಮ ಹಲಸಿನ ಮರಕ್ಕೆ. ಪೊನ್ನಂಪೇಟೆಯ ತೋಟವೊಂದರಲ್ಲಿ ಹುಳ ಹೆಕ್ಕುತ್ತಿರುವ ಆ ಪುಟಾಣಿ ಇಂಥದ್ದೊಂದು ಚರಿತ್ರೆಯ ಮುಂಚೂಣಿಯದು ಎಂದರೆ ಮೈ ಜುಂ ಎನ್ನುವುದಿಲ್ಲವೆ?

ಮಾರ್ಚ್ ಕೊನೆಗೆ ಮರದಲ್ಲಿ ಏನೋ ಬದಲಾಗುತ್ತದೆ. 'ಚಿಸ್‌ಲೀ'ಯ ನಡುನಡುವೆ ಪೂರಾ ಹಾಡಿನ ತುಣುಕುಗಳು ಇಣುಕತೊಡಗುತ್ತವೆ. ಹಾಡಬೇಕಾದ ಊರು ಇನ್ನೂ ದೂರ, ಹಾಡು ಮಾತ್ರ ಆಗಲೇ ಗಂಟಲಿಗೆ ಬಂದಿದೆ. ಕೆಳಗೆ ಬೇಲಿಯ ಲಂಟಾನದಲ್ಲಿ, ಕಾಫಿ ಗಿಡಗಳ ಬುಡದಲ್ಲಿ, ಆರು ತಿಂಗಳು ಬರೀ 'ಚಕ್, ಚಕ್' ಎಂದು ನಾಲಿಗೆ ಕುಟ್ಟುತ್ತಿದ್ದ ಬ್ಲೈತನ ಜೊಂಡು ಉಲಿಯಕ್ಕಿಯೂ ಹಾಗೆಯೇ ಸಣ್ಣ ದನಿಯಲ್ಲಿ ರಾಗ ತೆಗೆಯುತ್ತದೆ. ಯುರೋಪಿನ ಸಣ್ಣ ಹಕ್ಕಿಗಳಲ್ಲಿ ಬಹುಪಾಲು ಚಳಿಗೆ ಆಫ್ರಿಕದ ದಾರಿ ಹಿಡಿದರೆ, ಫಿನ್ಲೆಂಡಿನವರೆಗೂ ಗೂಡು ಕಟ್ಟುವ ಈ ಹಕ್ಕಿ ನೇರ ನಮ್ಮತ್ತ ಬರುತ್ತದೆ. ಅಲ್ಲಿ ಬೇಸಿಗೆಯ ನಡುರಾತ್ರಿ ಇದರ ಹಾಡು ಕೇಳಲೆಂದೇ ಜನ ನಿದ್ದೆಗೆಟ್ಟು ಹೋಗುತ್ತಾರೆ. ನಮಗೆ ಅದು ಹಗಲಿನಲ್ಲೇ, ಮನೆಯ ಹಿಂದಿನ ಬೇಲಿಯಲ್ಲೇ ಸಿಗುತ್ತದೆ.

ಒಂದೇ ತೋಟ, ಆದರೆ ದಾರಿಗಳು ಎಷ್ಟೊಂದು! ಕಂದೆದೆಯ ನೊಣಹಿಡುಕ ಈಶಾನ್ಯದ ಬೆಟ್ಟಗಳಿಗೆ, ಅದರಾಚೆಯ ಮ್ಯಾನ್ಮಾರ್, ಚೀನಾಗಳಿಗೆ. ಕಂದು ಕಳಿಂಗ ಸೈಬೀರಿಯಾದ ಕಡೆಗೆ. ತೋಡಿನ ಕಲ್ಲಿನಿಂದ ಕಲ್ಲಿಗೆ ಜಿಗಿಯುವ ಬೂದು ಕುಂಡೆಕುಸ್ಕ ಹಿಮಾಲಯದ ತೊರೆಗಳಿಗೆ, ಅದಕ್ಕೂ ಉತ್ತರಕ್ಕೆ. ಅದರ ದಾಯಾದಿ ಕಾಡು ಕುಂಡೆಕುಸ್ಕವನ್ನು ಕಂಡಿದ್ದೀರಾ? ತೋಟದೊಳಗಿನ ಕಾಲುದಾರಿಯಲ್ಲಿ, ತರಗೆಲೆಯ ಮೇಲೆ ನಮಗಿಂತ ಹತ್ತು ಹೆಜ್ಜೆ ಮುಂದೆ ನಡೆಯುತ್ತಾ ಹೋಗುತ್ತದೆ. ಎದೆಯ ಮೇಲೆ ಎರಡು ಕಪ್ಪು ಪಟ್ಟಿ. ಉಳಿದ ಕುಂಡೆಕುಸ್ಕಗಳು ಬಾಲವನ್ನು ಮೇಲೆ ಕೆಳಗೆ ಕುಣಿಸಿದರೆ ಇದು ಹಿಂಭಾಗವನ್ನೇ ಎಡಕ್ಕೂ ಬಲಕ್ಕೂ ತೂಗುತ್ತದೆ. ಅದರ ಬಳಗದಲ್ಲಿ ಮರದ ಮೇಲೆ ಗೂಡು ಕಟ್ಟುವುದೂ ಇದೊಂದೇ. ಹೊರಡುವುದು ಚೀನಾ, ಕೊರಿಯಾ, ರಷ್ಯಾದ ದೂರಪೂರ್ವದ ಕಡೆಗೆ! ಕಾಲುದಾರಿಯಲ್ಲಿ ನಮಗೆ ದಾರಿ ಬಿಟ್ಟುಕೊಟ್ಟ ಹಕ್ಕಿ ಮುಂದಿನ ತಿಂಗಳು ಕೊರಿಯಾದ ಕಾಡಿನಲ್ಲಿರಬಹುದು ಎಂದುಕೊಂಡ ಕ್ಷಣದಿಂದ ಆ ಕಾಲುದಾರಿ ನನಗೆ ಮೊದಲಿನಂತೆ ಉಳಿದಿಲ್ಲ.

ನವರಂಗದ ಮಾತನ್ನು ಹೇಳದೆ ಬಿಡುವುದುಂಟೆ? ಹಸಿರು, ನೀಲಿ, ಕಂದು, ಕಪ್ಪು, ಬಿಳಿ, ಬಾಲದಡಿಯಲ್ಲಿ ಕುಂಕುಮ. ಇಷ್ಟೆಲ್ಲ ಬಣ್ಣ ಹೊತ್ತೂ ತರಗೆಲೆಯಲ್ಲಿ ಕಾಣದಂತೆ ಕೂರುತ್ತದೆ. ಬೆಳಗ್ಗೆ ಬೆಳಕು ಹರಿಯುವಾಗ, ಸಂಜೆ ಕಪ್ಪಾಗುವಾಗ ಎರಡು ಸ್ವರದ ಗಟ್ಟಿ ಸಿಳ್ಳೆ ಹಾಕಿ ತಾನಿರುವ ಜಾಗ ಹೇಳಿಬಿಡುತ್ತದೆ. ಏಪ್ರಿಲ್ ಕಳೆಯುವಷ್ಟರಲ್ಲಿ ಮಧ್ಯ ಭಾರತಕ್ಕೋ ಹಿಮಾಲಯದ ತಪ್ಪಲಿಗೋ ಹೊರಟು, ಅಲ್ಲಿ ಮುಂಗಾರು ಇಳಿಯುವಾಗ ಗೂಡು ಕಟ್ಟುತ್ತದೆ.

ಹೊರಡುವ ಹೊತ್ತು ಇವಕ್ಕೆಲ್ಲ ಗೊತ್ತಾಗುವುದಾದರೂ ಹೇಗೆ? ದಿನ ಉದ್ದವಾಗುವುದನ್ನು ಹಕ್ಕಿಯ ಮೈ ಅಳೆಯುತ್ತದೆ. ಕೊಡಗಿನಲ್ಲಿ ಚಳಿಗಾಲದ ಹಗಲಿಗೂ ಬೇಸಿಗೆಯ ಹಗಲಿಗೂ ಅಂತರ ಹೆಚ್ಚೇನಲ್ಲ. ಆ ಸಣ್ಣ ಅಂತರವೂ ಸಾಕು! ಹಸಿವು ದಿಢೀರನೆ ಹೆಚ್ಚುತ್ತದೆ, ತಿಂದದ್ದು ಕೊಬ್ಬಾಗಿ ಚರ್ಮದಡಿ ಸೇರುತ್ತದೆ. ಗುರುತಿಗೆಂದು ಹಕ್ಕಿಯ ಕಾಲಿಗೆ ಉಂಗುರ ತೊಡಿಸುವವರು ಅದನ್ನು ಅಂಗೈಯಲ್ಲಿ ಮಲಗಿಸಿ ಕತ್ತಿನ ಬುಡದ ಗರಿಗಳನ್ನು ಬಾಯಿಂದ ಊದಿ ಸರಿಸಿದರೆ, ಪಾರದರ್ಶಕ ಚರ್ಮದೊಳಗೆ ತಿಳಿಹಳದಿ ಕೊಬ್ಬು ಕಣ್ಣಿಗೇ ಕಾಣುತ್ತದೆ. ಅದೇ ಇಂಧನ. ಕೊಡಗಿನಿಂದ ಕುಲ್ಲು ಕಣಿವೆಗೆ ನೇರ ಹಾರಿದರೂ 2,000 ಕಿಲೋಮೀಟರಿಗೆ ಮಿಕ್ಕಿದ ದಾರಿ. ಸಣ್ಣ ಹಕ್ಕಿಗಳಲ್ಲಿ ಹೆಚ್ಚಿನವು ಈ ದಾರಿಯನ್ನು ರಾತ್ರಿ ಹೊತ್ತು ಸವೆಸುತ್ತವೆ. ರಾತ್ರಿ ಹಾರುವ ಹಕ್ಕಿಗಳು ನಕ್ಷತ್ರ ನೋಡಿ ದಿಕ್ಕು ಹಿಡಿಯಬಲ್ಲವು ಎಂಬುದನ್ನು ಅಮೆರಿಕದ ಸ್ಟೀಫನ್ ಎಮ್ಲೆನ್ 1960ರ ದಶಕದಲ್ಲಿ ಒಂದು ಜಾತಿಯ ಹಕ್ಕಿಗಳನ್ನು ತಾರಾಲಯದೊಳಗಿಟ್ಟು ತೋರಿಸಿದರು. ಭೂಮಿಯ ಕಾಂತಶಕ್ತಿಯನ್ನು ಗ್ರಹಿಸುವ ಶಕ್ತಿಯೂ ಹಲವು ಹಕ್ಕಿಗಳಿಗಿದೆ. ಮಡಿಕೇರಿಯಲ್ಲಿ ನಿಂತರೆ ಧ್ರುವನಕ್ಷತ್ರ ದಿಗಂತದಿಂದ ಬರೀ ಹನ್ನೆರಡು ಡಿಗ್ರಿ ಮೇಲಿರುತ್ತದೆ, ಬೆಟ್ಟವೊಂದು ಅಡ್ಡ ಬಂದರೆ ಮುಗಿಯಿತು. ಉತ್ತರಕ್ಕೆ ಹಾರುವ ಹಕ್ಕಿಯ ಎದುರು ಆ ನಕ್ಷತ್ರ ರಾತ್ರಿಯಿಂದ ರಾತ್ರಿಗೆ ಏರುತ್ತಾ ಹೋಗುತ್ತದೆ.

ಉಂಗುರದ ಮಾತು ಬಂತಲ್ಲ, ಅದಕ್ಕೂ ನಮ್ಮ ಮಲೆನಾಡಿಗೂ ಒಂದು ನಂಟಿದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೆ ಜ್ವರ ಹಬ್ಬಿದಾಗ, ಸಿಕ್ಕ ವೈರಸ್ ರಷ್ಯಾದ ಉಣ್ಣೆಜ್ವರದ ವೈರಸ್ಸಿನ ಹತ್ತಿರದ ನಂಟನಾಗಿತ್ತು. ವಲಸೆ ಹಕ್ಕಿಗಳ ಮೈಯ ಉಣ್ಣೆಗಳಲ್ಲಿ ಬಂತೇ ಎಂಬ ಸಂಶಯ ಎದ್ದು, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರ ಮುಂದಾಳ್ತನದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ದೊಡ್ಡ ಪ್ರಮಾಣದಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸತೊಡಗಿತು. ನಮ್ಮ ಮಂಗನ ಕಾಯಿಲೆಯ ಭಯದಿಂದ ಇಡೀ ದೇಶದ ವಲಸೆ ಹಕ್ಕಿಗಳ ದಾರಿ ಬೆಳಕಿಗೆ ಬರತೊಡಗಿತು!

ಕೊಡಗಿನ ಹಕ್ಕಿಗಳ ಮೊದಲ ದೊಡ್ಡ ಪಟ್ಟಿ ಬರೆದವರೂ ಒಬ್ಬ ಕಾಫಿ ಪ್ಲಾಂಟರ್ ಎಂಬುದು ನನಗೆ ಬಲು ಹಿತವೆನಿಸುವ ಸಂಗತಿ. ಎಫ್.ಎನ್. ಬೆಟ್ಸ್ ಅವರ 'ಬರ್ಡ್ಸ್ ಆಫ್ ಕೂರ್ಗ್' ಅದೇ ಸೊಸೈಟಿಯ ಪತ್ರಿಕೆಯಲ್ಲಿ 1951ರಲ್ಲಿ ಎರಡು ಕಂತಾಗಿ ಬಂತು, ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲದಲ್ಲಿ. ಆಮೇಲೆ ವಿರಾಜಪೇಟೆಯ ವೈದ್ಯ ಡಾ. ಎಸ್.ವಿ. ನರಸಿಂಹನ್ 'ಕೊಡಗಿನ ಖಗರತ್ನಗಳು' ಬರೆದು ಈ ಹಕ್ಕಿಗಳನ್ನು ಕನ್ನಡದಲ್ಲೇ ಮನೆಮನೆಗೆ ತಂದರು. ತೋಟ ನೋಡಿಕೊಳ್ಳುವವರು, ರೋಗಿಗಳನ್ನು ನೋಡಿಕೊಳ್ಳುವವರು, ದಿನದ ಕೆಲಸದ ನಡುವೆಯೇ ತಲೆ ಎತ್ತಿ ನೋಡಿದವರು!

ನೋಡಲು ಮರ ಉಳಿದಿರಬೇಕು, ಅದೇ ದೊಡ್ಡ ಮಾತು. ಕೊಡಗಿನಲ್ಲಿ ಕಾಫಿ ಲಕ್ಷ ಹೆಕ್ಟೇರಿಗೂ ಮಿಕ್ಕಿದೆ, 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಬಿಸಿಲಿಗೆ ತೆರೆದ ಕಾಫಿಯಾಗಿದ್ದರೆ ಈ ಹಕ್ಕಿಗಳಿಗೆ ಇಲ್ಲಿ ಚಳಿಗಾಲವೇ ಇರುತ್ತಿರಲಿಲ್ಲ. ಹತ್ತಾರು ಬಗೆಯ ಕಾಡುಮರ ನಿಂತ ತೋಟದಲ್ಲಿ ಕಿವಿಗೆ ಬೀಳುವ ದನಿಗಳು ಸಿಲ್ವರ್ ಓಕ್ ಒಂದೇ ಸಾಲುಗಟ್ಟಿದ ತೋಟದಲ್ಲಿ ತೀರಾ ತೆಳುವಾಗುತ್ತವೆ. ಇದು ನನ್ನ ಕಿವಿಯ ಸಾಕ್ಷಿ. ಮರಕಸಿ ಮಾಡುವಾಗ ಒಂದು ಅತ್ತಿ, ಒಂದು ಬಸರಿಯನ್ನು ಬಿಟ್ಟ ಪ್ರತಿ ಬೆಳೆಗಾರರೂ ತಮಗೆ ಅರಿವಿಲ್ಲದೆಯೇ ಸೈಬೀರಿಯಾದ ವಸಂತಕ್ಕೆ ಹಾಡು ಕಳಿಸುತ್ತಿದ್ದಾರೆ.

ಬೆಂಗಳೂರಿನ ಜೀವವಿಜ್ಞಾನ ಸಂಸ್ಥೆ ಎನ್‌ಸಿಬಿಎಸ್‌ನಿಂದ 2007ರಲ್ಲಿ ಶುರುವಾದ ಮೈಗ್ರಂಟ್‌ವಾಚ್, ವಲಸೆ ಹಕ್ಕಿ ಮೊದಲು ಕಂಡ ದಿನವನ್ನು ಬರೆದು ಕಳಿಸಿ ಎಂದು ಜನರನ್ನೇ ಕೇಳಿತ್ತು. ಬಂದ ದಿನ ಹಿಡಿಯುವುದು ಸುಲಭ. ನಿನ್ನೆ ಇರಲಿಲ್ಲ, ಇವತ್ತು ಇದೆ. ಹೋದ ದಿನ ಹಿಡಿಯುವುದೇ ಕಷ್ಟ, ಕೊನೆಯ ಸಲ ಕಂಡಾಗ ಅದೇ ಕೊನೆಯದೆಂದು ತಿಳಿಯುವುದಿಲ್ಲವಲ್ಲ! ಅದಕ್ಕೆ ದಿನವೂ ಬರೆಯಬೇಕು. ದಿನವೂ ಬರೆಯುವ ಅಭ್ಯಾಸ ಕೊಡಗಿಗಿಂತ ಚೆನ್ನಾಗಿ ಇನ್ನೆಲ್ಲಿದೆ? ಇಲ್ಲಿನ ತೋಟದ ಮನೆಗಳಲ್ಲಿ ಬೆಳಗ್ಗೆ ಎದ್ದು ಮಳೆಮಾಪಕ ನೋಡಿ ಸೆಂಟಿನ ಲೆಕ್ಕ ಬರೆದಿಡುವುದು ತಲೆಮಾರುಗಳಿಂದ ಬಂದ ರೂಢಿ. "ನಿಮ್ಮಲ್ಲಿ ಎಷ್ಟು ಸೆಂಟ್ ಬಂತಣ್ಣಾ?" ಎಂದು ಪಕ್ಕದ ತೋಟದವರನ್ನು ಕೇಳದೆ ಹೂಮಳೆಯ ದಿನ ಮುಗಿಯುವುದೇ ಇಲ್ಲ. ಆ ಪುಸ್ತಕದಲ್ಲಿ ಮಳೆಯ ಪಕ್ಕ ಇನ್ನೊಂದು ಗೆರೆ ಎಳೆದು, ಫೆಬ್ರವರಿಯಿಂದ ಮೇವರೆಗೆ ನವರಂಗದ ಸಿಳ್ಳೆ ಕೇಳಿತೆ, ಬೂದು ಕಾಜಾಣ ಹಾಲುವಾಣಕ್ಕೆ ಬಂತೆ, 'ಚಿಸ್‌ಲೀ' ಇತ್ತೆ ಎಂದು ಗುರುತು ಹಾಕಿಕೊಂಡು ಹೋದರೆ ಸಾಕು. ಹೂಮಳೆ ಬೇಗ ಬಿದ್ದ ವರ್ಷ ಇವು ಬೇಗ ಹೊರಡುತ್ತವೆಯೆ, ಮಳೆ ಕೈಕೊಟ್ಟ ವರ್ಷ ಕೊಬ್ಬು ಕೂಡಿಸಲು ತಡವಾಗಿ ತಂಗುತ್ತವೆಯೆ ಎಂಬುದನ್ನು ಹೇಳಬಲ್ಲವರು, ಮಳೆಯ ಲೆಕ್ಕವನ್ನೂ ಹಕ್ಕಿಯ ಲೆಕ್ಕವನ್ನೂ ಒಂದೇ ಹಾಳೆಯಲ್ಲಿ ಇಟ್ಟುಕೊಂಡ ಈ ತೋಟದವರೇ.