ಐದು ಸ್ವಿಚ್ಚು, ಆರು ತಂತಿ: ಹಳೆಯ ಕಂಪ್ಯೂಟರಿಗೆ ಅಗ್ಗದ ಜಾಯ್‌ಸ್ಟಿಕ್



ಮಹಾನಗರದ ಮನೆ ಎಷ್ಟೇ ಚಿಕ್ಕದಿರಲಿ, ಅಟ್ಟ ಎಂಬುದೊಂದು ಇದ್ದೇ ಇರುತ್ತದೆ. ಆ ಅಟ್ಟದಲ್ಲಿ, ಹಿತ್ತಾಳೆ ಪಾತ್ರೆಗಳ ಹಿಂದೆ, ಹಳೆಯ ಸೀರೆಯಲ್ಲಿ ಸುತ್ತಿಟ್ಟ ಒಂದು ಕಂಪ್ಯೂಟರ್ ನಿಮ್ಮಲ್ಲಿ ಕೆಲವರ ಮನೆಯಲ್ಲಾದರೂ ಇರಬಹುದು. ಮಾನಿಟರ್ ಇಲ್ಲ, ಮೌಸ್ ಇಲ್ಲ. ಬರೀ ಕೀಬೋರ್ಡಿನಂತೆ ಕಾಣುತ್ತದೆ. ಟಿವಿಗೆ ಜೋಡಿಸಿ, ಟೇಪ್ ರೆಕಾರ್ಡರಿನಿಂದ ಆಟಗಳನ್ನು ತುಂಬಿಸಿಕೊಳ್ಳುವ ಯಂತ್ರ. 1982ರಲ್ಲಿ ಬಂದ ಸಿಂಕ್ಲೇರ್ ಝಡ್‌ಎಕ್ಸ್ ಸ್ಪೆಕ್ಟ್ರಮ್ ಇರಬಹುದು, ಅದೇ ವರ್ಷದ ಕಮೊಡೋರ್ 64 ಇರಬಹುದು. ಸ್ಪೆಕ್ಟ್ರಮ್ ಪ್ಲಸ್ ಮಾದರಿಯನ್ನು ಡೆಸಿಬೆಲ್ಸ್ ಎಂಬ ಸಂಸ್ಥೆ 1986ರಿಂದ ಪರವಾನಗಿ ಪಡೆದು ಭಾರತದಲ್ಲೇ ಮಾರಿತ್ತು. ಹಾಗಾಗಿ 'ಡಿಬಿ ಸ್ಪೆಕ್ಟ್ರಮ್' ಎಂಬ ಹೆಸರು ಕೆಲವರಿಗೆ ನೆನಪಿದ್ದೀತು.

ರೇಡಿಯೊಗೂ ಈ ಯಂತ್ರಗಳಿಗೂ ಒಂದು ಹಳೆಯ ನಂಟು ಇದೆ. ಆಗ ಪ್ರೋಗ್ರಾಂ ಎಂದರೆ ಕ್ಯಾಸೆಟ್ಟಿನಲ್ಲಿ ಕೇಳುವ 'ಕೀಂಯ್' ಸದ್ದು. ಸದ್ದೇ ಆದ ಮೇಲೆ ಗಾಳಿಯಲ್ಲಿ ಯಾಕೆ ಕಳಿಸಬಾರದು? ನೆದರ್‌ಲೆಂಡ್ಸಿನ ರೇಡಿಯೊದಲ್ಲಿ 'ಹಾಬಿಸ್ಕೂಪ್' ಎಂಬ ಕಾರ್ಯಕ್ರಮ 1980ರ ದಶಕದಲ್ಲಿ ಕಂಪ್ಯೂಟರ್ ಪ್ರೋಗ್ರಾಂಗಳನ್ನೇ ಪ್ರಸಾರ ಮಾಡುತ್ತಿತ್ತು. ಕೇಳುಗರು ಅದನ್ನು ಕ್ಯಾಸೆಟ್ಟಿಗೆ ಹಿಡಿದುಕೊಂಡು ತಮ್ಮ ಯಂತ್ರಕ್ಕೆ ತುಂಬಿಸುತ್ತಿದ್ದರು!

ಈ ಸಲದ ವಿಷಯ ಆ ಯಂತ್ರಗಳ ಜಾಯ್‌ಸ್ಟಿಕ್. ಅಂದರೆ ಆಟ ಆಡುವ ಹಿಡಿಕೆ. ಹಳೆಯದು ಮುರಿದಿರುತ್ತದೆ, ಇಲ್ಲವೇ ಕಳೆದುಹೋಗಿರುತ್ತದೆ. ಹೊರದೇಶದಿಂದ ತರಿಸಿದರೆ ಹಿಡಿಕೆಗಿಂತ ಅಂಚೆ ಮತ್ತು ಸುಂಕವೇ ಹೆಚ್ಚು. ಕೀಬೋರ್ಡಿನಲ್ಲೇ ಆಡೋಣವೆಂದರೆ, ಸ್ಪೆಕ್ಟ್ರಮ್‌ನ ಕೀಲಿಗಳ ಕೆಳಗಿರುವ ತೆಳು ಪ್ಲಾಸ್ಟಿಕ್ ಹಾಳೆ ವಯಸ್ಸಾದಂತೆ ಒಣಗಿ ಬಿರಿಯುತ್ತದೆ. ಮಕ್ಕಳು ನಾಲ್ಕು ದಿನ ಜೋರಾಗಿ ಕುಟ್ಟಿದರೆ ಅದೂ ಹೋಯಿತು. ಆದ್ದರಿಂದ ಜಾಯ್‌ಸ್ಟಿಕ್ ಇಲ್ಲಿ ಶೋಕಿಯಲ್ಲ, ಯಂತ್ರದ ಆಯುಸ್ಸಿನ ಪ್ರಶ್ನೆ.

ಒಳಗೆ ಏನಿದೆ?

ಸಂತೋಷದ ಸುದ್ದಿ ಏನೆಂದರೆ, ಆ ಕಾಲದ ಜಾಯ್‌ಸ್ಟಿಕ್‌ನಷ್ಟು ಸರಳ ವಸ್ತು ಇನ್ನೊಂದಿಲ್ಲ. 1977ರಲ್ಲಿ ಬಂದ ಅಟಾರಿಯ ವಿಡಿಯೊ ಗೇಮ್ ಯಂತ್ರ ಹಾಕಿಕೊಟ್ಟ ದಾರಿಯನ್ನೇ ಮುಂದೆ ಹಲವು ಕಂಪನಿಗಳು ಹಿಡಿದವು. ಒಳಗೆ ಇರುವುದು ಐದೇ ಸ್ವಿಚ್ಚು: ಮೇಲೆ, ಕೆಳಗೆ, ಎಡ, ಬಲ ಮತ್ತು 'ಫೈರ್' ಗುಂಡಿ. ನಿಮ್ಮ ಬಾಗಿಲ ಕರೆಗಂಟೆಯ ಸ್ವಿಚ್ಚಿಗೂ ಇದಕ್ಕೂ ತತ್ವದಲ್ಲಿ ವ್ಯತ್ಯಾಸವಿಲ್ಲ. ಐದೂ ಸ್ವಿಚ್ಚುಗಳ ಒಂದು ತುದಿ ಒಂದೇ ತಂತಿಗೆ ಸೇರಿರುತ್ತದೆ. ಇದಕ್ಕೆ ಗ್ರೌಂಡ್ ಎನ್ನುತ್ತಾರೆ. ಇನ್ನೊಂದು ತುದಿ ಪ್ರತಿಯೊಂದಕ್ಕೂ ಬೇರೆ ಬೇರೆ. ಒಟ್ಟು ಆರು ತಂತಿ, ಅಷ್ಟೇ.

ಕಂಪ್ಯೂಟರ್ ತನ್ನ ಕಡೆಯಿಂದ ಆ ಐದು ತಂತಿಗಳನ್ನೂ 5 ವೋಲ್ಟಿನಲ್ಲಿ ಎತ್ತಿ ಹಿಡಿದಿರುತ್ತದೆ. ನೀವು ಗುಂಡಿ ಒತ್ತಿದಾಗ ಆ ತಂತಿ ಗ್ರೌಂಡಿಗೆ ತಾಗಿ ವೋಲ್ಟೇಜ್ ಇಳಿಯುತ್ತದೆ. 'ಓಹೋ, ಒತ್ತಿದರು' ಎಂದು ಯಂತ್ರಕ್ಕೆ ತಿಳಿಯುತ್ತದೆ.

ತುದಿಯಲ್ಲಿ ಒಂಬತ್ತು ಪಿನ್ನಿನ ಕನೆಕ್ಟರ್ ಇರುತ್ತದೆ. ಹಳೆಯ ಕಂಪ್ಯೂಟರಿನ ಸೀರಿಯಲ್ ಪೋರ್ಟ್ ನೋಡಿದವರಿಗೆ ಇದು ಪರಿಚಿತ. ಅಟಾರಿ ಕ್ರಮದಲ್ಲಿ 1 ಮೇಲೆ, 2 ಕೆಳಗೆ, 3 ಎಡ, 4 ಬಲ, 6 ಫೈರ್, 8 ಗ್ರೌಂಡ್. 7ರಲ್ಲಿ ಯಂತ್ರ 5 ವೋಲ್ಟ್ ಕೊಡುತ್ತದೆ. ಸಾದಾ ಜಾಯ್‌ಸ್ಟಿಕ್‌ಗೆ ಅದು ಬೇಡವೇ ಬೇಡ. ಕಮೊಡೋರ್ 64ಕ್ಕೆ ಇದೇ ಕ್ರಮ. ಸ್ಪೆಕ್ಟ್ರಮ್ ಪ್ಲಸ್‌ನಲ್ಲಿ ಜಾಯ್‌ಸ್ಟಿಕ್ ಕಿಂಡಿಯೇ ಇಲ್ಲ. ಹಿಂಬದಿಗೆ 'ಕೆಂಪ್‌ಸ್ಟನ್' ಮಾದರಿಯ ಇಂಟರ್‌ಫೇಸ್ ಸಿಕ್ಕಿಸಬೇಕು. ಅದರ ಕಿಂಡಿಯೂ ಅಟಾರಿ ಕ್ರಮದ್ದೇ.

ಆದರೆ ಕಿಂಡಿ ಕಂಡಲ್ಲೆಲ್ಲ ಇದೇ ಕ್ರಮ ಎಂದುಕೊಳ್ಳಬೇಡಿ. ಎಂಎಸ್‌ಎಕ್ಸ್ ಜಾತಿಯ ಕಂಪ್ಯೂಟರುಗಳಲ್ಲಿ 5 ವೋಲ್ಟ್ ಇರುವುದು 5ನೇ ಪಿನ್ನಿನಲ್ಲಿ, ಗ್ರೌಂಡ್ 9ರಲ್ಲಿ. 1986ರ ಸ್ಪೆಕ್ಟ್ರಮ್ ಪ್ಲಸ್ 2ರಲ್ಲಿ ಕಿಂಡಿ ಅದೇ ಆಕಾರದ್ದು, ಒಳಗಿನ ಕ್ರಮ ಮಾತ್ರ ಪೂರ್ತಿ ಬೇರೆ. ನಿಮ್ಮ ಯಂತ್ರ ಯಾವುದು ಎಂದು ಮೊದಲು ಖಚಿತ ಮಾಡಿಕೊಳ್ಳಿ.

ಅಗ್ಗದ ಮಾಲು ಎಲ್ಲಿ?

ಮುಂಬಯಿಯಲ್ಲಿ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯಲ್ಲಿ ರಿಚಿ ಸ್ಟ್ರೀಟ್, ದೆಹಲಿಯಲ್ಲಿ ಕೆಂಪುಕೋಟೆಯೆದುರಿನ ಲಜಪತ್ ರಾಯ್ ಮಾರ್ಕೆಟ್, ಹೈದರಾಬಾದಿನಲ್ಲಿ ಕೋಠಿಯ ಗುಜರಾತಿ ಗಲ್ಲಿ, ಪುಣೆಯಲ್ಲಿ ಬುಧವಾರ ಪೇಠ. ನೀವಿರುವ ಊರಿನಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗ ಸಿಗುವ ಬೀದಿ ಇದ್ದೇ ಇದೆ. ಊರಿಗೆ ಹೋದಾಗ ಬೆಂಗಳೂರಿನ ಎಸ್‌ಪಿ ರಸ್ತೆಗೂ ಒಂದು ಸುತ್ತು ಹಾಕಬಹುದು. ಅಲ್ಲಿ 'ಟಿವಿ ಗೇಮ್‌ನ ರಿಮೋಟ್ ಕೊಡಿ' ಎಂದು ಕೇಳಿ. 1990ರ ದಶಕದಲ್ಲಿ ಮಕ್ಕಳಿರುವ ಮನೆಗಳಿಗೆಲ್ಲ ಬಂದ 8 ಬಿಟ್ ಟಿವಿ ಗೇಮ್ ನೆನಪಿದೆಯಲ್ಲ? ಅದರ ಕೈಹಿಡಿಕೆ. ನಾಲ್ಕು ದಿಕ್ಕಿನ ಗುಂಡಿ, ಬಲಗಡೆ ಕೆಂಪು ಗುಂಡಿಗಳು, ತುದಿಯಲ್ಲಿ ಅನೇಕ ಸಲ ಅದೇ ಒಂಬತ್ತು ಪಿನ್ನಿನ ಕನೆಕ್ಟರ್.

ಇಲ್ಲೇ ಇರುವುದು ಮೋಸ. ಕನೆಕ್ಟರ್ ಕೂಡುತ್ತದೆ ಎಂದು ತಂದು ನೇರವಾಗಿ ಸಿಕ್ಕಿಸಬೇಡಿ! ಈ ಹಿಡಿಕೆಯೊಳಗೆ ಸ್ವಿಚ್ಚುಗಳ ಜೊತೆ ಒಂದು ಚಿಪ್ ಇದೆ. ಪಿಸಿಬಿಯ ಮೇಲೆ ಕಪ್ಪು ಮೇಣದ ಹನಿ ಬಿದ್ದಂತೆ ಕಾಣುತ್ತದೆ. ಅದು ಎಲ್ಲ ಗುಂಡಿಗಳ ಸ್ಥಿತಿಯನ್ನು ಸಾಲಾಗಿ ನಿಲ್ಲಿಸಿ, ಒಂದರ ಹಿಂದೊಂದರಂತೆ ಒಂದೇ ತಂತಿಯಲ್ಲಿ ಕಳಿಸುತ್ತದೆ. ಅದಕ್ಕೇ ಎಂಟು ಗುಂಡಿ ಇದ್ದರೂ ಕೇಬಲ್ಲಿನಲ್ಲಿ ಐದೇ ತಂತಿ. ಯಾವ ತಂತಿ ಯಾವ ಪಿನ್ನಿಗೆ ಎಂಬುದು ತಯಾರಕರಿಂದ ತಯಾರಕರಿಗೆ ಬೇರೆ. ಹಳೆಯ ಕಂಪ್ಯೂಟರಿಗೆ ಈ ಭಾಷೆ ಬರುವುದಿಲ್ಲ.

ಸೆಗಾ ಮೆಗಾ ಡ್ರೈವ್‌ನ ಹಿಡಿಕೆಯದು ಇನ್ನೊಂದು ಕಥೆ. ಅದನ್ನು ಕಮೊಡೋರ್ 64ಕ್ಕೆ ಸಿಕ್ಕಿಸಿದರೆ ಕೆಲಸ ಮಾಡಿದಂತೆಯೇ ಕಾಣುತ್ತದೆ. ಆದರೆ ಅದರೊಳಗಿನ ಚಿಪ್‌ಗೆ ವಿದ್ಯುತ್ ಬೇಕಾದ್ದು 5ನೇ ಪಿನ್ನಿನಲ್ಲಿ, ಕಮೊಡೋರ್ ಕೊಡುವುದು 7ರಲ್ಲಿ. ಸರಿಯಾದ ದಾರಿಯಲ್ಲಿ ವಿದ್ಯುತ್ ಸಿಗದ ಚಿಪ್ ಅಡ್ಡದಾರಿಯಲ್ಲಿ ಎಳೆದುಕೊಳ್ಳುತ್ತದೆ. ಕಂಪ್ಯೂಟರ್ ಇಳಿಸಲು ನೋಡುವ ತಂತಿಯನ್ನು ತಾನು ಮೇಲಕ್ಕೆ ತಳ್ಳುತ್ತದೆ. ಈ ಜಗ್ಗಾಟದಲ್ಲಿ ಪೆಟ್ಟು ತಿನ್ನುವುದು ಕಮೊಡೋರ್‌ನ 6526 ಎಂಬ ಚಿಪ್. ಕಮೊಡೋರ್ ಕಂಪನಿ 1994ರಲ್ಲೇ ದಿವಾಳಿಯಾಯಿತು. ಆ ಚಿಪ್ಪನ್ನು ಈಗ ಯಾರೂ ತಯಾರಿಸುವುದಿಲ್ಲ. ಅಗ್ಗದ ಆಸೆಗೆ ಬಿದ್ದು ಸಿಗದ ವಸ್ತುವನ್ನು ಸುಡುವುದು ಬೇಡ. ಅದೇ ಸೆಗಾದ ಹಿಂದಿನ ಯಂತ್ರವಾದ ಮಾಸ್ಟರ್ ಸಿಸ್ಟಮ್‌ನ ಹಿಡಿಕೆ ಸಿಕ್ಕರೆ ಬಿಡಬೇಡಿ. ಅದರಲ್ಲಿ ಬರೀ ಸ್ವಿಚ್ಚುಗಳು, ನೇರವಾಗಿ ನಡೆಯುತ್ತದೆ.

ಮಾರ್ಪಾಡು ಮಾಡುವುದು ಹೇಗೆ?

ಬೇಕಾದ ಸಾಮಾನು: ಟಿವಿ ಗೇಮ್‌ನ ಒಂದು ಹಿಡಿಕೆ, ಸಾಲ್ಡರಿಂಗ್ ಐರನ್, ಸಾದಾ ಮಲ್ಟಿಮೀಟರ್, ಚೂಪಾದ ಬ್ಲೇಡು, ಮತ್ತು ಒಂಬತ್ತು ಪಿನ್ನಿನ ಹಳೆಯ ಸೀರಿಯಲ್ ಎಕ್ಸ್‌ಟೆನ್ಷನ್ ಕೇಬಲ್. ಹಿಡಿಕೆಯ ಕೇಬಲ್ಲಿನಲ್ಲಿ ಐದೇ ತಂತಿ ಇದೆ, ನಮಗೆ ಬೇಕಾದ್ದು ಆರು. ಅದಕ್ಕೇ ಕೇಬಲ್ ಬದಲಿಸಬೇಕು. ಕೇಬಲ್ಲಿನ ತೂತುಗಳಿರುವ ತುದಿಯನ್ನು ಉಳಿಸಿಕೊಳ್ಳಿ, ಪಿನ್ನುಗಳಿರುವ ತುದಿಯನ್ನು ಕತ್ತರಿಸಿ. ಪಕ್ಕದ ತಿರುಪುಗಳು ಅಡ್ಡ ಬಂದರೆ ಬಿಚ್ಚಿಬಿಡಿ.

ಮೊದಲು, ಮಲ್ಟಿಮೀಟರನ್ನು 'ಬೀಪ್' ಸ್ಥಾನಕ್ಕೆ ತಿರುಗಿಸಿ ಯಾವ ಬಣ್ಣದ ತಂತಿ ಯಾವ ತೂತಿಗೆ ಹೋಗುತ್ತದೆಂದು ನೋಡಿ ಬರೆದಿಡಿ. ಬಣ್ಣವನ್ನು ನಂಬಬೇಡಿ, ಬೀಪನ್ನು ನಂಬಿ.

ಎರಡನೆಯದು, ಹಿಡಿಕೆಯ ಹಿಂಬದಿಯ ತಿರುಪು ಬಿಚ್ಚಿ. ಒಳಗೆ ರಬ್ಬರಿನ ಪದರ, ಅದರ ಕೆಳಗೆ ಪಿಸಿಬಿ. ಪ್ರತಿ ಗುಂಡಿಯ ಕೆಳಗೆ ಎರಡು ಬಾಚಣಿಗೆಗಳು ಹೆಣೆದಂತೆ ಕಪ್ಪು ಗೆರೆಗಳಿರುತ್ತವೆ. ಒಂದು ಬಾಚಣಿಗೆ ಎಲ್ಲ ಗುಂಡಿಗಳಿಗೂ ಸಾಮಾನ್ಯ, ಅದೇ ಗ್ರೌಂಡ್. ಇನ್ನೊಂದು ಆ ಗುಂಡಿಯ ಸ್ವಂತದ್ದು, ಕಪ್ಪು ಹನಿಯ ಕಡೆಗೆ ಓಡುತ್ತದೆ.

ಮೂರನೆಯದು, ಕಪ್ಪು ಹನಿಗೆ ಹೋಗುವ ಗೆರೆಗಳನ್ನೆಲ್ಲ ಬ್ಲೇಡಿನಿಂದ ಕತ್ತರಿಸಿ. ಇದನ್ನು ಬಿಟ್ಟರೆ ಏನಾಗುತ್ತದೆ? ವಿದ್ಯುತ್ ಇಲ್ಲದಿದ್ದರೂ ಚಿಪ್‌ನ ಒಳಗಿನಿಂದ ಒಂದು ಗುಂಡಿಯ ತಂತಿ ಇನ್ನೊಂದಕ್ಕೆ ನಂಟು ಬೆಳೆಸುತ್ತದೆ. ಎಡಕ್ಕೆ ಒತ್ತಿದರೆ ಗುಂಡು ಹಾರಬಹುದು!

ನಾಲ್ಕನೆಯದು, ಬೆಸುಗೆ. ಕಪ್ಪು ಗೆರೆಗಳು ಇಂಗಾಲದ ಲೇಪ. ಅದರ ಮೇಲೆ ಸೀಸ ಕೂರುವುದಿಲ್ಲ. ಸ್ವಲ್ಪ ಆಚೆ, ಹಸಿರು ಬಣ್ಣವನ್ನು ಮೆಲ್ಲಗೆ ಕೆರೆದರೆ ತಾಮ್ರ ಕಾಣುತ್ತದೆ. ಅಲ್ಲಿಗೆ ತಂತಿ ಹಚ್ಚಿ: ಮೇಲಿನ ಗುಂಡಿಗೆ 1, ಕೆಳಗೆ 2, ಎಡ 3, ಬಲ 4, ಕೆಂಪು ಗುಂಡಿಗೆ 6, ಸಾಮಾನ್ಯ ಗೆರೆಗೆ 8. ಉಳಿದ ತಂತಿಗಳನ್ನು ಗಿಡ್ಡ ಮಾಡಿ, ಒಂದಕ್ಕೊಂದು ತಾಗದಂತೆ ಟೇಪು ಸುತ್ತಿ. 7ನೇ ತಂತಿಗೆ ಎರಡು ಸುತ್ತು ಹೆಚ್ಚೇ ಇರಲಿ.

ಒಂದು ಸಣ್ಣ ಜಾಣತನವನ್ನೂ ಹೇಳುತ್ತೇನೆ. ಆ ಕಾಲದ ಆಟಗಳಲ್ಲಿ ಅನೇಕ ಕಡೆ ಜಿಗಿಯಲು ಹಿಡಿಕೆಯನ್ನು ಮೇಲಕ್ಕೆ ತಳ್ಳಬೇಕು. ನಿಮ್ಮ ಹಿಡಿಕೆಯ ಎರಡನೇ ಕೆಂಪು ಗುಂಡಿ ಖಾಲಿ ಉಳಿದಿದೆ. ಅದನ್ನೂ 1ನೇ ತಂತಿಗೇ ಸೇರಿಸಿಬಿಡಿ. ಆಗ ಒಂದು ಗುಂಡಿಗೆ ಗುಂಡು, ಇನ್ನೊಂದಕ್ಕೆ ಜಿಗಿತ. ಇಂದಿನ ಮಕ್ಕಳ ಬೆರಳಿಗೆ ಇದೇ ಸಲೀಸು.

ಸಿಕ್ಕಿಸುವ ಮುಂಚೆ

ಮತ್ತೆ ಮಲ್ಟಿಮೀಟರ್ ತೆಗೆದುಕೊಳ್ಳಿ. ಗುಂಡಿ ಒತ್ತದಿದ್ದಾಗ ಎಲ್ಲೂ ಬೀಪ್ ಬರಬಾರದು. ಒಂದೊಂದೇ ಗುಂಡಿ ಒತ್ತಿದಾಗ 8ಕ್ಕೂ ಆ ಗುಂಡಿಯ ಪಿನ್ನಿಗೂ ನಡುವೆ ಮಾತ್ರ ಬರಬೇಕು. ರಬ್ಬರಿನಡಿಯ ಇಂಗಾಲ ಸವೆದಿದ್ದರೆ ಬೀಪ್ ಬಾರದೆ ಓಮ್ ಲೆಕ್ಕ ಮಾತ್ರ ಕಾಣಬಹುದು. ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ ಒರೆಸಿ. 7 ಮತ್ತು 8ರ ನಡುವೆ ಯಾವ ಸ್ಥಿತಿಯಲ್ಲೂ ಬೀಪ್ ಬರಕೂಡದು. ಬಂದರೆ ಯಂತ್ರದ 5 ವೋಲ್ಟ್ ನೇರವಾಗಿ ಗ್ರೌಂಡಿಗೆ ಹೋಗುತ್ತದೆ. ಇದೊಂದು ಪರೀಕ್ಷೆಯನ್ನು ಎರಡು ಸಲ ಮಾಡಿದರೂ ತಪ್ಪಿಲ್ಲ.

ಜಾಯ್‌ಸ್ಟಿಕ್ಕಾಗಲಿ, ಸ್ಪೆಕ್ಟ್ರಮ್‌ನ ಇಂಟರ್‌ಫೇಸಾಗಲಿ, ಯಂತ್ರ ಆರಿಸಿಯೇ ಸಿಕ್ಕಿಸಬೇಕು, ಆರಿಸಿಯೇ ತೆಗೆಯಬೇಕು. ಕಿಂಡಿಯ ಪಿನ್ನುಗಳನ್ನು ಬೆರಳಿನಿಂದ ಮುಟ್ಟಬೇಡಿ. ಮೈಯಲ್ಲಿನ ಸ್ಥಿರ ವಿದ್ಯುತ್ ಸಾಕು, ಚಿಪ್ ಕೆಡಿಸಲು. ವರ್ಷಗಟ್ಟಲೆ ಮಲಗಿದ್ದ ಯಂತ್ರವಾದರೆ ಅಡಾಪ್ಟರಿನ ವೋಲ್ಟೇಜನ್ನೂ ಮೊದಲೇ ಅಳೆಯಿರಿ. ಸ್ಪೆಕ್ಟ್ರಮ್‌ನ 9 ವೋಲ್ಟ್ ಪ್ಲಗ್ಗಿನಲ್ಲಿ ನಡುವಿನದು ಋಣ, ಹೊರಗಿನದು ಧನ. ಅಂಗಡಿಯಲ್ಲಿ ಸಿಗುವ ಅಡಾಪ್ಟರುಗಳಲ್ಲಿ ಸಾಮಾನ್ಯವಾಗಿ ಇದು ಉಲ್ಟಾ.

ಇನ್ನು ಆಟ ತುಂಬಿಸುವ ಮೊದಲೇ ಪರೀಕ್ಷೆ ಮಾಡಬಹುದು. ಕೆಂಪ್‌ಸ್ಟನ್ ಸಿಕ್ಕಿಸಿದ ಸ್ಪೆಕ್ಟ್ರಮ್‌ನಲ್ಲಿ 'ಪ್ರಿಂಟ್ ಇನ್ 31' ಎಂದು ಕೇಳಿ. ಸುಮ್ಮನಿದ್ದರೆ 0, ಬಲಕ್ಕೆ 1, ಎಡಕ್ಕೆ 2, ಕೆಳಗೆ 4, ಮೇಲೆ 8, ಫೈರ್‌ಗೆ 16 ಬರಬೇಕು. ಕಮೊಡೋರ್ 64ರಲ್ಲಿ 2ನೇ ಕಿಂಡಿಗೆ ಸಿಕ್ಕಿಸಿ 56320ನೇ ವಿಳಾಸವನ್ನು 'ಪೀಕ್' ಮಾಡಿ. ಸುಮ್ಮನಿದ್ದರೆ 127, ಮೇಲೆ 126, ಕೆಳಗೆ 125, ಎಡ 123, ಬಲ 119, ಫೈರ್ 111. ಲೆಕ್ಕ ಸರಿಬಂದರೆ ನಿಮ್ಮ ಕೆಲಸ ಗೆದ್ದಿತು. ಸ್ಪೆಕ್ಟ್ರಮ್ ಆಟ ಶುರುವಾಗುವಾಗ 'ಕೆಂಪ್‌ಸ್ಟನ್, ಸಿಂಕ್ಲೇರ್, ಕರ್ಸರ್' ಎಂದು ಕೇಳಿದರೆ ಕೆಂಪ್‌ಸ್ಟನ್ ಆರಿಸಿ.

ಕೊನೆಯದಾಗಿ ಒಂದು ಮಾತು. ಐದು ಸ್ವಿಚ್ಚು ಎಂದೆನಲ್ಲ, ಅವು ಇಂಥದೇ ಆಕಾರದಲ್ಲಿರಬೇಕೆಂಬ ಕಟ್ಟಳೆ ಎಲ್ಲೂ ಇಲ್ಲ. ಬೆರಳು ಮಡಚಲಾಗದ ಅಜ್ಜನಿಗೋ, ಹಿಡಿಕೆ ಬಿಗಿ ಹಿಡಿಯಲಾಗದ ಮಗುವಿಗೋ, ಅಂಗೈ ಅಗಲದ ಐದು ಗುಂಡಿಗಳನ್ನು ಒಂದು ಮರದ ಹಲಗೆಗೆ ಕೂರಿಸಿ ಇದೇ ಆರು ತಂತಿ ಎಳೆದುಕೊಡಬಹುದು. ಅಂಗೈಯಿಂದ ಒತ್ತಲಿ, ಮೊಣಕೈಯಿಂದ ಒತ್ತಲಿ, ಕಾಲಿನಿಂದಲೇ ಒತ್ತಲಿ. ಯಂತ್ರಕ್ಕೆ ಗೊತ್ತಾಗುವುದು ತಂತಿ ಗ್ರೌಂಡಿಗೆ ತಾಗಿತು ಎಂಬುದಷ್ಟೇ. ಹೊಸ ಯಂತ್ರಗಳಲ್ಲಿ ಇಂಥ ಹಿಡಿಕೆಯನ್ನು ಕೊಂಡು ತರಬೇಕು. ನಲವತ್ತು ವರ್ಷ ಹಳೆಯ ಈ ಯಂತ್ರದಲ್ಲಿ ಒಂದು ಭಾನುವಾರದ ಮಧ್ಯಾಹ್ನ ನೀವೇ ಮಾಡಿಕೊಡಬಹುದು.

ಗುಜರಿಯವನ ಕೂಗು ಕೇಳಿಸುವ ಮುಂಚೆ ಒಮ್ಮೆ ಅಟ್ಟ ಹತ್ತಿ ನೋಡಿ, ಕೇಳುಗರೇ. ಮತ್ತೆ ಭೇಟಿಯಾಗೋಣ.