ಪಹಣಿ ಕಂಪ್ಯೂಟರ್‌ಗೆ ಹೋದ ಮೇಲೆ

ಹಳೇ ಮೈಸೂರಿನ ಹಳ್ಳಿಗಳಲ್ಲಿ ಯಾವ ಹೊಲ ಯಾರದ್ದು ಎಂಬುದು ಬಹುಕಾಲ ಶಾನುಭೋಗರ ದಫ್ತರದಲ್ಲಿತ್ತು. ಹುದ್ದೆ ವಂಶಪಾರಂಪರ್ಯವಾದದ್ದು. ಅಪ್ಪನಿಂದ ಮಗನಿಗೆ ದಫ್ತರದ ಜತೆ ಊರಿನ ಪಾಲುಪಟ್ಟಿಗಳ, ಬದು ಒತ್ತುವರಿಗಳ, ಹಳೇ ವ್ಯಾಜ್ಯಗಳ ತಿಳಿವಳಿಕೆಯೂ ಬರುತ್ತಿತ್ತು. ಶಾನುಭೋಗರನ್ನು ಎದುರು ಹಾಕಿಕೊಳ್ಳಲು ಗಟ್ಟಿ ಕುಳಗಳೂ ಹಿಂಜರಿಯುತ್ತಿದ್ದವು.

1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಈ ವಂಶದ ಹಕ್ಕನ್ನು ಕೊನೆಗಾಣಿಸಿತು. ಸಂಬಳ ಪಡೆಯುವ, ವರ್ಗವಾಗಿ ಹೋಗುವ ಗ್ರಾಮ ಲೆಕ್ಕಿಗರು ಬಂದರು. ಬರೆಯುವವರೇನೋ ಬದಲಾದರು, ದಫ್ತರ ಮಾತ್ರ ಮೊದಲಿನಂತೆ ಒಬ್ಬರ ಸುಪರ್ದಿಯಲ್ಲೇ ಉಳಿಯಿತು. ಒಬ್ಬ ಲೆಕ್ಕಿಗರಿಗೆ ಹಲವು ಹಳ್ಳಿಗಳು; ಇವತ್ತು ಯಾವ ಹಳ್ಳಿಯಲ್ಲಿದ್ದಾರೆ ಎಂದು ಹುಡುಕುವುದೇ ರೈತರ ಪಾಲಿಗೆ ಒಂದು ಕೆಲಸ. ಬೆಳೆಸಾಲಕ್ಕೆ ಹೊಲದ ಮಾಲೀಕರು, ವಿಸ್ತೀರ್ಣ, ಬೆಳೆ ದಾಖಲಾಗಿರುವ ಪಹಣಿ ಬೇಕು, ಕೋರ್ಟಿನಲ್ಲಿ ಜಾಮೀನು ನಿಲ್ಲಲು ಪಹಣಿ ಬೇಕು. ಸಿಕ್ಕಾಗ ಕೈಬಿಸಿ ಮಾಡದಿದ್ದರೆ ‘ನಾಳೆ ಬನ್ನಿ’.

2001ರಲ್ಲಿ ಶುರುವಾದ ‘ಭೂಮಿ’ ಯೋಜನೆ ಕೈಹಾಕಿದ್ದು ಇಲ್ಲಿಗೆ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳುತನದಲ್ಲಿ, ರಾಷ್ಟ್ರೀಯ ಮಾಹಿತಿ ಕೇಂದ್ರದ ತಂತ್ರಾಂಶದ ನೆರವಿನಿಂದ, ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರ್ ಸೇರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿಯ ಪ್ರತಿ ಕೈಗೆ ಬರುತ್ತಿತ್ತು.

ಇದು ಮೊದಲ ಪ್ರಯತ್ನವಲ್ಲ. 1990ರ ದಶಕದಲ್ಲೂ ಭೂದಾಖಲೆಗಳನ್ನು ಕಂಪ್ಯೂಟರಿಗೆ ಹಾಕುವ ಕೆಲಸ ನಡೆದಿತ್ತು. ಆದರೆ ಕೈಬರಹದ ಪಹಣಿಯೂ ಚಲಾವಣೆಯಲ್ಲೇ ಇದ್ದುದರಿಂದ ಆ ಮಾಹಿತಿ ಬೇಗ ಹಳತಾಯಿತು. ಈ ಸಲ ಸರ್ಕಾರ ತಾಲ್ಲೂಕಿನಿಂದ ತಾಲ್ಲೂಕಿಗೆ ಕೈಬರಹದ ಪಹಣಿಯನ್ನೇ ಅಸಿಂಧುಗೊಳಿಸಿತು. ಯೋಜನೆ ಗೆದ್ದದ್ದು ಯಂತ್ರಕ್ಕಿಂತ ಹೆಚ್ಚಾಗಿ ಈ ಒಂದು ಆದೇಶದಿಂದ ಎನ್ನಬೇಕು. ಹಳೇ ದಾರಿ ಮುಚ್ಚಿದ ಮೇಲೆ ಎಲ್ಲರೂ ಹೊಸ ದಾರಿಯಲ್ಲೇ ನಡೆಯಬೇಕಾಯಿತು.

ತಂತ್ರಾಂಶದೊಳಗೂ ಒಂದು ಬಗೆಯ ಆಡಳಿತ ಅಡಗಿತ್ತು. ಖಾತೆ ಬದಲಾವಣೆಯ ಅರ್ಜಿಗಳಲ್ಲಿ ಮೊದಲು ಬಂದದ್ದೇ ಮೊದಲು ವಿಲೇವಾರಿಯಾಗಬೇಕು. ನೆಂಟರದ್ದೆಂದು, ಮುಖಂಡರದ್ದೆಂದು ಹಿಂದಿನದನ್ನು ಮುಂದೆ ತರಲು ಅವಕಾಶವಿಲ್ಲ. ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕು. ‘ನಾನು ಮಾಡಿದ್ದಲ್ಲ’ ಎನ್ನುವ ಮಾತಿಗೆ ಜಾಗ ಉಳಿಯಲಿಲ್ಲ. ಹಿಂದೆ ಸುತ್ತೋಲೆಯ ಮೇಲೆ ಸುತ್ತೋಲೆ ಹೊರಡಿಸಿ ಮಾಡಲಾಗದ್ದನ್ನು ಕೆಲವು ಸಾಲಿನ ಕೋಡ್ ಮಾಡಿತು.

ಫಲವೂ ಕಂಡಿತು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ಮಾಡಿದ ಅಧ್ಯಯನದಲ್ಲಿ, ಹಳೇ ಪದ್ಧತಿ ಬಳಸಿದವರಲ್ಲಿ ಸುಮಾರು ಮೂರನೇ ಎರಡರಷ್ಟು ಜನ ಲಂಚ ಕೊಟ್ಟಿದ್ದಾಗಿ ಹೇಳಿದರು. ಹೊಸ ಕಿಟಕಿಯಲ್ಲಿ ಹಾಗೆ ಹೇಳಿದವರು ನೂರಕ್ಕೆ ಮೂವರಷ್ಟೆ.

ಹಾಗೆಂದು ಅಧಿಕಾರ ಆವಿಯಾಗಿ ಹೋಯಿತೇ? ಹಳ್ಳಿಯ ಲೆಕ್ಕಿಗರ ಕೈಯಿಂದ ತಾಲ್ಲೂಕಿನ ಪರದೆಯತ್ತ ಸರಿಯಿತು ಎನ್ನುವುದೇ ಸರಿ. ಪಹಣಿಯ ನಕಲು ಪಡೆಯುವುದು ಸುಲಭವಾಯಿತು. ಅದರಲ್ಲಿರುವ ತಪ್ಪು ತಿದ್ದಿಸುವುದು ಹಾಗಲ್ಲ. ಕೈಬರಹದಿಂದ ಟೈಪಾಗುವಾಗ ಹೆಸರಿನ ಒಂದಕ್ಷರ, ವಿಸ್ತೀರ್ಣದ ಒಂದೆರಡು ಗುಂಟೆ ಆಚೀಚೆಯಾದರೆ ತಹಶೀಲ್ದಾರರ ಕಚೇರಿಗೋ ಉಪವಿಭಾಗಾಧಿಕಾರಿಯ ನ್ಯಾಯಾಲಯಕ್ಕೋ ಅಲೆಯಬೇಕು. ಅರ್ಜಿ ಬರೆದುಕೊಡುವವರು, ಕಡತ ‘ಮುಂದಕ್ಕೆ ಕಳಿಸುವ’ ಮಧ್ಯವರ್ತಿಗಳು ಕಚೇರಿಗಳ ಮುಂದೆ ಈಗಲೂ ಇದ್ದಾರೆ. ಸಂಶೋಧಕ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಕಟುವಾದ ಮಾತು ಹೇಳಿತು: ದಾಖಲೆಗಳು ಒಂದೇ ಕಡೆ ಸೇರಿದ್ದರಿಂದ ಬೆಂಗಳೂರಿನ ಸುತ್ತ ಜಮೀನು ಹುಡುಕುವ ದೊಡ್ಡ ಖರೀದಿದಾರರಿಗೆ ಅನುಕೂಲವಾಯಿತು, ಸಣ್ಣವರಿಗೆ ಹಳ್ಳಿಯಲ್ಲೇ ಮಾತಾಡಿ ಮುಗಿಸಿಕೊಳ್ಳುತ್ತಿದ್ದ ದಾರಿ ತಪ್ಪಿತು ಎಂದು. ಅವರ ವಾದವನ್ನು ಪೂರ್ತಿ ಒಪ್ಪಬೇಕೆಂದಿಲ್ಲ; ಲಂಚ ಕಡಿಮೆಯಾದ ಅಂಕಿಯೊಂದನ್ನೇ ನೋಡಿ ಬೆನ್ನು ತಟ್ಟಿಕೊಳ್ಳುವವರು ಅದನ್ನು ಓದುವುದು ಒಳ್ಳೆಯದು.

ಹಳೇ ಕಾಗದ ತಾಳಿಕೊಳ್ಳುತ್ತಿದ್ದ ಮಸುಕನ್ನು ಕಂಪ್ಯೂಟರ್ ತಾಳದು. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹೊಲ ಹಂಚಿಕೊಂಡು ನೆಮ್ಮದಿಯಾಗಿ ಉಳುತ್ತಿದ್ದರೂ ಪಹಣಿಯಲ್ಲಿ ಹೆಸರುಗಳು ಜಂಟಿಯಾಗಿಯೇ ಇರುತ್ತವೆ. ಅದರಲ್ಲಿ ಒಂದು ಭಾಗವನ್ನು ಮಾರಬೇಕೆಂದರೆ ಭೂಮಾಪಕರು ಅಳೆದುಕೊಟ್ಟ 11ಇ ನಕ್ಷೆ ಬೇಕು. ಆ ಅಳತೆಯ ಸರದಿ ಬರುವವರೆಗೆ ಕಾಯಬೇಕು.

ಪಹಣಿಯ ಬೆಳೆ ಕಲಂ ಒಂದು ಕಾಲಕ್ಕೆ ಕಚೇರಿಯಲ್ಲೇ ಕುಳಿತು ತುಂಬಿಸುವ ಶಾಸ್ತ್ರವಾಗಿಹೋಗಿತ್ತು. ಈಗ ಹೊಲದಲ್ಲಿ ನಿಂತು ಮೊಬೈಲ್ ಆ್ಯಪ್‌ನಲ್ಲಿ ಫೋಟೊ ತೆಗೆಯಬೇಕು. 2020ರಿಂದ ರೈತರೇ ತಮ್ಮ ಬೆಳೆಯನ್ನು ಹೀಗೆ ದಾಖಲಿಸಲು ಅವಕಾಶವಿದೆ. ಬೆಳೆ ವಿಮೆ, ಪರಿಹಾರ, ಬೆಂಬಲ ಬೆಲೆ ಎಲ್ಲವೂ ಆ ಕಲಂ ನೋಡುತ್ತವೆ. ತೊಗರಿ ಬೆಳೆದು ದಾಖಲೆಯಲ್ಲಿ ಹತ್ತಿ ಎಂದಾಗಿದ್ದರೆ ಖರೀದಿ ಕೇಂದ್ರದ ಲೆಕ್ಕಕ್ಕೆ ಆ ತೊಗರಿ ಬೆಳೆದೇ ಇಲ್ಲ.

ವಿಚಿತ್ರವೆಂದರೆ, ಈ ವ್ಯವಸ್ಥೆ ಹೆಚ್ಚು ಬಿಗಿಯಾಗಿ ಹಿಡಿದದ್ದು ಅದನ್ನು ನಡೆಸುವವರನ್ನೇ. ಗ್ರಾಮ ಲೆಕ್ಕಿಗರಿಗೆ ಈಗ ಗ್ರಾಮ ಆಡಳಿತಾಧಿಕಾರಿ ಎಂಬ ಹೆಸರು. ಹೆಸರು ದೊಡ್ಡದಾಯಿತು, ದಫ್ತರ ಕೈಬಿಟ್ಟಿತು, ಜೇಬಿಗೆ ಮೊಬೈಲ್ ಬಂತು. 2024ರ ಸೆಪ್ಟೆಂಬರ್‌ನಲ್ಲಿ ಅವರು ರಾಜ್ಯದಾದ್ಯಂತ ಮುಷ್ಕರ ಹೂಡಿದಾಗ ಮುಂದಿಟ್ಟ ದೂರುಗಳಲ್ಲಿ ಮುಖ್ಯವಾದದ್ದು, ಒಂದರ ಮೇಲೊಂದು ಹೇರುತ್ತಿರುವ ಆ್ಯಪ್‌ಗಳ ಕೆಲಸದ ಒತ್ತಡ. ಕೂರಲು ಸರಿಯಾದ ಕಚೇರಿ, ಕಂಪ್ಯೂಟರ್ ಕೊಡಿ ಎಂಬ ಬೇಡಿಕೆಯೂ ಇತ್ತು. ಅದೇ ಹುದ್ದೆಯ ಹಿಂದಿನವರನ್ನು ಊರು ಹುಡುಕುತ್ತಿತ್ತು. ಇವರನ್ನು ಮೇಲಿನ ಕಚೇರಿ ಆ್ಯಪ್‌ನಲ್ಲೇ ಹುಡುಕುತ್ತದೆ.

ಇಷ್ಟೆಲ್ಲ ಆದರೂ ಯಂತ್ರಕ್ಕೆ ತಾನಾಗಿ ಗೊತ್ತಾಗದ ಸಂಗತಿಗಳಿವೆ. ಪಹಣಿಗೆ ಆಧಾರ್ ಜೋಡಿಸಲು ಹೊರಟಾಗ ಲಕ್ಷಾಂತರ ಪಹಣಿಗಳು ಇನ್ನೂ ತೀರಿಕೊಂಡವರ ಹೆಸರಿನಲ್ಲೇ ಇರುವುದು ಬೆಳಕಿಗೆ ಬಂತು. ಅದಕ್ಕೇ ಈಗ ಅಂಥ ಖಾತೆಗಳನ್ನು ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆ ಆಂದೋಲನ ನಡೆಯುತ್ತಿದೆ. ಜಮೀನು ಅಜ್ಜನ ಹೆಸರಿನಲ್ಲೇ ಇದ್ದರೆ ಉಳುವ ಮೊಮ್ಮಗನಿಗೆ ಬೆಳೆಸಾಲ, ಬೆಳೆ ಪರಿಹಾರ ಎರಡೂ ತೊಡಕಿನವೇ. ಊರಿನಲ್ಲಿ ಜಮೀನಿದ್ದು ಪಟ್ಟಣ ಸೇರಿರುವವರು ಒಮ್ಮೆ ತಮ್ಮ ಪಹಣಿ ತೆಗೆದು, ಮಾಲೀಕರ ಹೆಸರು, ವಿಸ್ತೀರ್ಣ, ಬೆಳೆ ಈ ಮೂರನ್ನೂ ಓದಿ ನೋಡಲಿ. ತೀರಿಹೋದವರ ಹೆಸರಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ಗ್ರಾಮ ಆಡಳಿತಾಧಿಕಾರಿಯನ್ನೋ ನಾಡಕಚೇರಿಯನ್ನೋ ಕಾಣಲಿ.